ಡಾರ್ವಿನ್‌ನಿಂದ ಅಡಿಲೇಡ್‌ಗೆ: ದಂಪತಿ ಬೆನ್ನುಚೀಲ ಹೊತ್ತು ಔಟ್‌ಬ್ಯಾಕ್ ದಾಟುವುದು ಹೇಗೆ?

ಆಸ್ಟ್ರೇಲಿಯಾ ನೋಡಿಬಂದೆವೆಂದು ಹೇಳುವ ನಮ್ಮವರಲ್ಲಿ ಹೆಚ್ಚಿನವರು ನೋಡಿರುವುದು ಸಿಡ್ನಿ, ಮೆಲ್ಬರ್ನ್‌ಗಳಂಥ ಕಡಲಂಚಿನ ನಗರಗಳನ್ನು. ಆ ನಗರಗಳ ಬೆನ್ನ ಹಿಂದೆ ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುವ ಕೆಮ್ಮಣ್ಣಿನ ಒಳನಾಡನ್ನು ಅಲ್ಲಿನವರು ಔಟ್‌ಬ್ಯಾಕ್ ಎನ್ನುತ್ತಾರೆ. ಈ ಒಳನಾಡಿಗೆ ಸೇರಿದ ನಾರ್ದರ್ನ್ ಟೆರಿಟರಿ ಪ್ರಾಂತ್ಯವೊಂದೇ ಕರ್ನಾಟಕದ ಏಳರಷ್ಟು ದೊಡ್ಡದು. ಅಲ್ಲಿರುವ ಜನ ಸುಮಾರು ಎರಡೂವರೆ ಲಕ್ಷ, ಅವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಡಾರ್ವಿನ್ ಮತ್ತು ಅದರ ಆಸುಪಾಸಿನಲ್ಲೇ ನೆಲೆಸಿದ್ದಾರೆ. ಉಳಿದದ್ದೆಲ್ಲ ಬಯಲು.

ನಾನೂ ನನ್ನ ಪತಿಯೂ ಈ ಬಯಲನ್ನು ಉತ್ತರ ಕಡಲಂಚಿನ ಡಾರ್ವಿನ್‌ನಿಂದ ದಕ್ಷಿಣ ಕಡಲಂಚಿನ ಅಡಿಲೇಡ್‌ವರೆಗೆ, ಎರಡು ಬೆನ್ನುಚೀಲ, ಒಂದು ಟೆಂಟು ಮತ್ತು ಒಂದು ಬಾಡಿಗೆ ಕಾರಿನ ಬಲದಿಂದ 24 ದಿನಗಳಲ್ಲಿ ದಾಟಿದೆವು. ಹೊರಡುವ ಮೊದಲು ನಾವು ಮಾಡಿಕೊಂಡಿದ್ದ ಒಪ್ಪಂದ ಸರಳವಾಗಿತ್ತು: ಕಾರು ಅವರದು, ಅಡುಗೆ ನನ್ನದು. ಮೂರನೆಯ ದಿನ ಅವರು ಜ್ವರದಿಂದ ಮಲಗಿದಾಗ ಆ ಒಪ್ಪಂದ ಮುರಿದುಬಿತ್ತು. ಇಬ್ಬರಲ್ಲಿ ಒಬ್ಬರು ಕೈಬಿಟ್ಟರೂ ಇನ್ನೊಬ್ಬರು ಒಂಟಿಯಾಗಿ ವಾಹನವನ್ನೂ ಟೆಂಟನ್ನೂ ನಕಾಶೆಯನ್ನೂ ನಿಭಾಯಿಸುವಂತಿರಬೇಕು ಎಂಬ ಒಂದು ಮಾತನ್ನು ಹಿಡಿದುಕೊಂಡೇ ಮುಂದಿನ ಸಿದ್ಧತೆಗಳನ್ನು ಬರೆಯುತ್ತಿದ್ದೇನೆ.

ಮೊದಲು ತಿಂಗಳು, ಆಮೇಲೆ ಟಿಕೆಟ್

ಮೇ ತಿಂಗಳಿಂದ ಆಗಸ್ಟ್ ಕೊನೆಯೊಳಗೆ ಹೋಗಿಬರುವುದು ಒಳ್ಳೆಯದು. ನಮ್ಮ ಬೇಸಿಗೆ ರಜೆಯ ಲೆಕ್ಕದಲ್ಲಿ ಏಪ್ರಿಲ್‌ಗೋ, ವರ್ಷಾಂತ್ಯದ ರಜೆಯೆಂದು ಡಿಸೆಂಬರ್‌ಗೋ ಟಿಕೆಟ್ ಮಾಡಿಸುವವರು ಎಡವುವುದು ಇಲ್ಲಿಯೇ. ಡಿಸೆಂಬರ್‌ನಲ್ಲಿ ನಡುಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಉತ್ತರದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲವಿದ್ದು ರಸ್ತೆಗಳು ನೀರಿನಡಿ ಹೋಗುವುದುಂಟು. ಜೂನ್, ಜುಲೈ ತಿಂಗಳುಗಳಲ್ಲಿ ನಡುಸೀಮೆಯ ಊರಾದ ಆಲಿಸ್ ಸ್ಪ್ರಿಂಗ್ಸ್‌ನ ಹಗಲು ನಮ್ಮ ಮೈಸೂರಿನ ಚಳಿಗಾಲದಷ್ಟು ಹಿತವಾಗಿರುತ್ತದೆಯಾದರೂ ರಾತ್ರಿಯ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೂ, ಕೆಲವೊಮ್ಮೆ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಮರುಭೂಮಿಯೆಂದು ಹತ್ತಿಯ ಬಟ್ಟೆ ಮಾತ್ರ ತುಂಬಿಕೊಂಡು ಹೋದವರು ನಡುಗುತ್ತಲೇ ಬೆಳಗು ಕಾಯಬೇಕಾಗುತ್ತದೆ.

ವೀಸಾದ ವಿಷಯ ಚಿಕ್ಕದು. ಸಾಮಾನ್ಯ ಪ್ರವಾಸಕ್ಕೆ 600 ಎಂಬ ವರ್ಗದ ವೀಸಾ ಸಾಕು. ಮೂವತ್ತು ವರ್ಷದೊಳಗಿನವರು ಅಲ್ಲಿಯೇ ಕೆಲಸ ಮಾಡುತ್ತ ಸುತ್ತುವುದಕ್ಕೆ 462 ವರ್ಗದ ವೀಸಾ 2024ರಿಂದ ಭಾರತೀಯರಿಗೂ ತೆರೆದಿದೆ. ವರ್ಷಕ್ಕೆ 1,000 ಮಂದಿಯನ್ನು ಲಾಟರಿಯಲ್ಲಿ ಆರಿಸುತ್ತಾರೆ. ಈ ಲಾಟರಿಗೆ ಗಂಡ ಹೆಂಡತಿ ಬೇರೆಬೇರೆಯಾಗಿಯೇ ಹೆಸರು ಕೊಡಬೇಕು, ಒಬ್ಬರಿಗೆ ಬಂದರೆ ಅದರ ನೆರಳಿನಲ್ಲಿ ಇನ್ನೊಬ್ಬರು ಹೋಗಲು ಬರುವುದಿಲ್ಲ.

ದಾರಿಯನ್ನು ಆರಿಸುವುದು

ಮೊದಲ ಸಲ ಹೋಗುವವರಿಗೆ ಸ್ಟುವರ್ಟ್ ಹೆದ್ದಾರಿಗಿಂತ ಒಳ್ಳೆಯ ದಾರಿಯಿಲ್ಲ. 1862ರಲ್ಲಿ ದಕ್ಷಿಣದಿಂದ ಉತ್ತರದ ಕಡಲನ್ನು ಮುಟ್ಟಿದ ಜಾನ್ ಮೆಕ್‌ಡೌಲ್ ಸ್ಟುವರ್ಟ್ ಅವರ ಹೆಸರಿನ ಈ ರಸ್ತೆ ಪೂರ್ತಿ ಡಾಂಬರಿನದು. ಡಾರ್ವಿನ್‌ನಿಂದ ಅಡಿಲೇಡ್‌ಗೆ ಇರುವ ದೂರ ಸುಮಾರು 3,000 ಕಿ.ಮೀ., ಅಂದರೆ ಬೆಂಗಳೂರಿನಿಂದ ಶ್ರೀನಗರಕ್ಕೆ ಹೋದಷ್ಟು. ಬೆಂಗಳೂರಿನಿಂದ ಸಿಂಗಪುರದ ಮೂಲಕ ಡಾರ್ವಿನ್‌ನಲ್ಲಿಳಿದು, ಅಡಿಲೇಡ್‌ನಲ್ಲಿ ವಿಮಾನ ಹತ್ತಿದರೆ ಬಂದ ದಾರಿಯಲ್ಲೇ ಮರಳುವ ಶ್ರಮ ತಪ್ಪುತ್ತದೆ.

ನಕಾಶೆಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಮತ್ತು ಉಲೂರು ಎಂಬ ಹೆಸರಾಂತ ಕೆಂಪು ಹೆಬ್ಬಂಡೆ ಪಕ್ಕಪಕ್ಕದ ಚುಕ್ಕೆಗಳಂತೆ ಕಾಣುತ್ತವೆ. ಅವೆರಡರ ನಡುವೆ ಸುಮಾರು 450 ಕಿ.ಮೀ. ರಸ್ತೆಯಿದೆ: ದಕ್ಷಿಣಕ್ಕೆ 200 ಕಿ.ಮೀ. ದೂರದ ಎರ್ಲ್‌ಡುಂಡಾ ಎಂಬಲ್ಲಿ ಪಶ್ಚಿಮಕ್ಕೆ ತಿರುಗಿ ಮತ್ತೆ ಸುಮಾರು 250 ಕಿ.ಮೀ. ಹೋಗಬೇಕು. ಆ ದಾರಿಯಲ್ಲಿ ಎಡಗಡೆ ಚಪ್ಪಟೆ ತಲೆಯ ದೊಡ್ಡದೊಂದು ಬೆಟ್ಟ ಕಾಣುತ್ತದೆ. ನಾವು ಕಾರು ನಿಲ್ಲಿಸಿ, ಕಣ್ತುಂಬಿಕೊಂಡು, ಇಪ್ಪತ್ತು ಫೋಟೋ ತೆಗೆದು ಊರಿಗೂ ಕಳುಹಿಸಿದೆವು. ಅದು ಮೌಂಟ್ ಕಾನರ್. ಉಲೂರುವಿಗೆ ಇನ್ನೂ ಒಂದು ತಾಸಿಗಿಂತ ಹೆಚ್ಚು ಹಾದಿಯಿತ್ತು. ಈ ತಪ್ಪು ಎಲ್ಲರೂ ಮಾಡುತ್ತಾರೆಂದು ರೋಡ್‌ಹೌಸ್ ಎಂಬ ದಾರಿಬದಿಯ ತಂಗುದಾಣದವರು ಹೇಳಿದ್ದು ಸಮಾಧಾನವಾಯಿತು.

ವಾಹನವನ್ನು ಇಬ್ಬರ ಹೆಸರಿನಲ್ಲೂ ಪಡೆಯುವುದು

ಬೆನ್ನುಚೀಲದ ಪ್ರವಾಸಕ್ಕೆ ಕಾರೇಕೆ ಎಂಬ ಪ್ರಶ್ನೆ ಬರುವುದು ಸಹಜ. ಬಸ್ಸಿನಲ್ಲಿ ಊರಿಂದೂರಿಗೆ ಹೋಗಬಹುದಾದರೂ ನಡೆಯಬೇಕಾದ ಜಾಗಗಳೆಲ್ಲ ಊರಿಂದ ನೂರಾರು ಕಿಲೋಮೀಟರ್ ಆಚೆಗಿವೆ. ಆದ್ದರಿಂದ ಕಾರು ಇಲ್ಲವೇ ಹಿಂದೆ ಹಾಸಿಗೆಯುಳ್ಳ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಪಡೆಯುವುದೇ ಸರಿ. ಹೊರಡುವ ಮುನ್ನ ಇಬ್ಬರೂ ನಿಮ್ಮ ಆರ್‌ಟಿಓ ಕಚೇರಿಯಿಂದ ಒಂದು ವರ್ಷ ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿಯೂ ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ಕೈ ಬೇಗ ಹೊಂದಿಕೊಳ್ಳುತ್ತದೆ.

ಬಾಡಿಗೆಯ ಕರಾರುಪತ್ರವನ್ನು ಸಹಿ ಹಾಕುವ ಮೊದಲು ಓದುವುದು ಬಹಳ ಮುಖ್ಯ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದಾಗ ಅಪಘಾತವಾದರೆ ವಿಮೆ ಸಿಗುವುದಿಲ್ಲ. ಎರಡನೆಯ ಚಾಲಕರಿಗೆ ಬೇರೆ ಶುಲ್ಕ ಕೇಳಿದರೂ ಕೊಟ್ಟುಬಿಡಿ. ನಾವು ಆ ಹಣ ಉಳಿಸಲು ಹೋಗಿದ್ದರಿಂದಲೇ ಜ್ವರದ ದಿನ ಕ್ಯಾಥರಿನ್ ಊರಿನ ಹೊರಗಿನ ಕ್ಯಾರವಾನ್ ಪಾರ್ಕಿನಲ್ಲಿ, ಕಾರು ಕಣ್ಣೆದುರೇ ಇದ್ದರೂ ನಾನು ಮುಟ್ಟುವಂತಿಲ್ಲದೆ, ಎರಡು ದಿನ ಕೂರಬೇಕಾಯಿತು. ಮೂರನೆಯ ಬೆಳಿಗ್ಗೆ ಫೋನಿನಲ್ಲೇ ನನ್ನ ಹೆಸರು ಸೇರಿಸಿಕೊಂಡೆವು. ಸಾಮಾನ್ಯ ಕಾರುಗಳನ್ನು ಮಣ್ಣುರಸ್ತೆಗೆ ಇಳಿಸಬಾರದು, ಊರ ಹೊರಗೆ ರಾತ್ರಿ ಓಡಿಸಬಾರದು ಎಂಬ ಷರತ್ತುಗಳನ್ನೂ ಹಲವು ಕಂಪನಿಗಳು ಹಾಕುತ್ತವೆ. ಅವುಗಳನ್ನು ಮೀರಿದರೆ ದುರಸ್ತಿಯ ವೆಚ್ಚ ಪೂರ್ತಿ ನಿಮ್ಮ ತಲೆಗೆ.

ಹೊರೆ, ನೀರು, ಊಟ

ಒಬ್ಬೊಬ್ಬರಿಗೆ ಒಂದೊಂದು ಚೀಲ, ಇಬ್ಬರಿಗೂ ಸೇರಿ ಒಂದು ಟೆಂಟು. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಒಂದಕ್ಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ ಜಿಪ್ ಇರುವ ಒಂದೇ ಮಾದರಿಯ ಜೋಡಿಯನ್ನು ಆರಿಸಿದರೆ ಎರಡನ್ನೂ ಕೂಡಿಸಿ ಒಂದೇ ಹಾಸಿಗೆ ಮಾಡಿಕೊಳ್ಳಬಹುದು, ಚಳಿಯ ರಾತ್ರಿ ಇದರ ಬೆಲೆ ತಿಳಿಯುತ್ತದೆ. ತಲೆಗೆ ಕಟ್ಟುವ ಟಾರ್ಚು, ಪ್ರಥಮ ಚಿಕಿತ್ಸೆಯ ಸಾಮಾನು, ಸ್ವಲ್ಪ ನಗದು ಹಾಗೂ ಪಾಸ್‌ಪೋರ್ಟಿನ ನಕಲು ಇಬ್ಬರ ಚೀಲದಲ್ಲೂ ಬೇರೆಬೇರೆಯಾಗಿ ಇರಲಿ. ಮುಖದ ಮೇಲೆ ಇಳಿಬಿಡುವ ನೊಣಪರದೆಯನ್ನು ಕಂಡು ನಗಬೇಡಿ. ಅಲ್ಲಿನ ನೊಣಗಳು ಬಾಯಿ, ಮೂಗು, ಕಣ್ಣಿನ ತೇವ ಹುಡುಕಿಕೊಂಡೇ ಬರುತ್ತವೆ.

ನೀರಿನ ಲೆಕ್ಕವನ್ನು ಮಾತ್ರ ಕೈಬಿಗಿ ಹಿಡಿಯದೆ ಹಾಕಬೇಕು. ನಡೆಯುವಾಗ ತಾಸಿಗೊಂದು ಲೀಟರ್ ಕುಡಿಯಿರೆಂದು ಉಲೂರು ಉದ್ಯಾನದವರೇ ಸೂಚಿಸುತ್ತಾರೆ. ನಾವು ಕಾರಿನಲ್ಲಿ 20 ಲೀಟರಿನ ಎರಡು ಕ್ಯಾನುಗಳನ್ನು ಇಟ್ಟುಕೊಂಡಿದ್ದೆವು. ಒಂದು ನಿತ್ಯದ ಬಳಕೆಗೆ, ಇನ್ನೊಂದರ ಮುಚ್ಚಳಕ್ಕೆ ಟೇಪು ಸುತ್ತಿ, ವಾಹನ ಕೆಟ್ಟು ನಿಂತರೆ ಮಾತ್ರ ಬಿಚ್ಚುವುದೆಂದು ಗೊತ್ತುಮಾಡಿದ್ದೆವು. ಟೇಪು ಅಡಿಲೇಡ್‌ವರೆಗೂ ಹಾಗೆಯೇ ಇತ್ತು. ಒಂದೇ ದೊಡ್ಡ ಪಾತ್ರೆಯಲ್ಲಿ ಎಲ್ಲವನ್ನೂ ಇಡಬೇಡಿ, ಒಂದು ಸೋರಿದರೂ ಇನ್ನೊಂದು ಉಳಿಯಬೇಕು.

ಊಟದ ಬಗ್ಗೆ ನಮ್ಮವರು ಮಾಡುವ ಗಡಿಬಿಡಿ ವಿಮಾನ ನಿಲ್ದಾಣದಲ್ಲೇ ಶುರುವಾಗುತ್ತದೆ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ತಪಾಸಣೆ ಬಹಳ ಬಿಗಿ: ತಾಜಾ ಕರಿಬೇವು, ಹಣ್ಣು, ಹಾಲಿನ ಸಿಹಿ, ಮೊಳಕೆಯೊಡೆಯಬಲ್ಲ ಕಾಳುಗಳನ್ನು ಮನೆಯಲ್ಲೇ ಬಿಡಿ. ಸಾರಿನ ಪುಡಿ, ಉಪ್ಪಿನಕಾಯಿ ಏನಿದ್ದರೂ ಬರೆದು ಘೋಷಿಸಿ, ಘೋಷಿಸಿದ್ದಕ್ಕೆ ದಂಡವಿಲ್ಲ, ಮುಚ್ಚಿಟ್ಟರೆ ಉಂಟು. ಬೂಟಿನ ಅಡಿಯಲ್ಲಿ ಅಂಟಿದ ಮಣ್ಣನ್ನೂ ತೊಳೆದುಕೊಂಡೇ ಹೋಗಬೇಕು. ಡಾರ್ವಿನ್‌ನಲ್ಲಿ ಭಾರತೀಯ ದಿನಸಿ ಅಂಗಡಿಗಳಿವೆ. ರವೆ, ಅವಲಕ್ಕಿ, ತೊಗರಿಬೇಳೆ ಅಲ್ಲಿಯೇ ಕೊಂಡೆವು. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅದನ್ನೂ ಅಲ್ಲಿಯೇ ಕೊಳ್ಳಬೇಕು. ಉಪ್ಪಿಟ್ಟು ಒಂದೇ ಪಾತ್ರೆಯಲ್ಲಿ, ಕಡಿಮೆ ನೀರಿನಲ್ಲಿ ಆಗುತ್ತದೆ. ಅದನ್ನು ಮಾಡಲು ಗಂಡನಿಗೂ ಬರಬೇಕು.

ರಸ್ತೆಯ ಮೇಲೆ ದಿನಚರಿ

ಜೂನ್‌ನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಹಗಲು ಚಿಕ್ಕದು, ಏಳು ಗಂಟೆ ದಾಟಿದ ಮೇಲೆ ಸೂರ್ಯೋದಯ, ಸಂಜೆ ಆರಕ್ಕೆಲ್ಲ ಅಸ್ತ. ಮುಂಜಾವ ಮತ್ತು ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ನೆಗೆಯುತ್ತವೆ, ಬೇಲಿಯಿಲ್ಲದ ಹುಲ್ಲುಗಾವಲುಗಳ ದನಗಳು ಬೆಚ್ಚನೆಯ ಡಾಂಬರಿನ ಮೇಲೆ ಬಂದು ನಿಲ್ಲುತ್ತವೆ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ನಾಲ್ಕೂವರೆಯೊಳಗೆ ತಂಗುವ ಜಾಗ ಸೇರುವುದನ್ನು ನಿಯಮ ಮಾಡಿಕೊಳ್ಳಿ. ದಾರಿಯಲ್ಲಿ ಒಂಟೆ ಕಂಡರೂ ಬೆರಗಾಗದೆ ವೇಗ ತಗ್ಗಿಸಿ. 1860ರಲ್ಲಿ ಕರಾಚಿಯಿಂದ ಹಡಗಿನಲ್ಲಿ ಒಂಟೆಗಳನ್ನೂ ಅವುಗಳನ್ನು ನಡೆಸುವವರನ್ನೂ ಅಲ್ಲಿಗೆ ಕರೆಸಿಕೊಂಡಿದ್ದರು, ಆಮೇಲೂ ಸಾವಿರಾರು ಒಂಟೆಗಳು ಬಂದವು; ಲಾರಿಗಳು ಬಂದ ಮೇಲೆ ಬಿಟ್ಟುಬಿಟ್ಟ ಒಂಟೆಗಳ ಸಂತತಿ ಇಂದು ಕಾಡುಪಾಲಾಗಿ ತಿರುಗುತ್ತಿದೆ. ಆ ಒಂಟೆಯವರನ್ನೆಲ್ಲ ಅಫ್ಘನ್ನರೆಂದೇ ಕರೆದದ್ದರಿಂದ ಅಡಿಲೇಡ್–ಡಾರ್ವಿನ್ ರೈಲಿಗೆ ಘಾನ್ ಎಂಬ ಹೆಸರು ನಿಂತಿತು. ಅವರಲ್ಲಿ ಅನೇಕರು ನಮ್ಮ ಉಪಖಂಡದ ಪಂಜಾಬ್, ಸಿಂಧ್, ಬಲೂಚಿಸ್ತಾನದವರು.

ಎರಡು ತಾಸಿಗೊಮ್ಮೆ ಚಾಲಕರು ಬದಲಾಗಬೇಕು. ರಸ್ತೆ ಗೆರೆ ಎಳೆದಂತೆ ನೇರವಿರುವುದರಿಂದ ನಿದ್ದೆ ಬರುವುದು ತಿಳಿಯುವುದೇ ಇಲ್ಲ. ರೋಡ್ ಟ್ರೈನ್ ಎನ್ನುವ, 53 ಮೀಟರಿಗೂ ಮೀರಿದ ಉದ್ದದ ಲಾರಿಗಳು ಎದುರಾದಾಗ ವೇಗ ತಗ್ಗಿಸಿ ಎಡಕ್ಕೆ ಸರಿಯಿರಿ. ಹಿಂದಿಕ್ಕಬೇಕಾದರೆ ಒಂದು ಕಿಲೋಮೀಟರಿಗಿಂತ ಹೆಚ್ಚು ರಸ್ತೆ ಖಾಲಿ ಕಾಣಬೇಕು. ರೋಡ್‌ಹೌಸ್‌ಗಳೆಂದರೆ ಪೆಟ್ರೋಲ್ ಬಂಕ್, ಹೋಟೆಲು, ತಂಗುದಾಣ ಎಲ್ಲವೂ ಒಂದೇ ಕಡೆ ಇರುವ ತಾಣಗಳು. ಅವುಗಳ ನಡುವೆ 200 ಕಿ.ಮೀ. ಅಂತರವಿರುವುದು ಅಪರೂಪವಲ್ಲವಾದ್ದರಿಂದ ಟ್ಯಾಂಕು ಅರ್ಧಕ್ಕೆ ಬಂದಾಗಲೇ ತುಂಬಿಸಿ. ಎದುರು ಬರುವ ಚಾಲಕರು ಸ್ಟಿಯರಿಂಗ್ ಮೇಲಿಂದ ಒಂದೇ ಬೆರಳೆತ್ತುತ್ತಾರೆ. ಅದು ಅಲ್ಲಿನ ನಮಸ್ಕಾರ, ನೀವೂ ಎತ್ತಿ.

ನಡೆಯುವ ದಿನಗಳು

ಉಲೂರುವಿನ ಸುತ್ತಲಿನ ಕಾಲುದಾರಿ 10.6 ಕಿ.ಮೀ., ಮೂರೂವರೆ ತಾಸು ಬೇಕು. ಉದ್ಯಾನದ ಪ್ರವೇಶ ವಯಸ್ಕರಿಗೆ 3 ದಿನಕ್ಕೆ 38 ಆಸ್ಟ್ರೇಲಿಯನ್ ಡಾಲರ್. ಒಳಗೆ ಟೆಂಟು ಹಾಕುವಂತಿಲ್ಲ, ಹೊರಗಿನ ಯುಲಾರಾದಲ್ಲಿ ತಂಗಬೇಕು. 1985ರ ಅಕ್ಟೋಬರ್ 26ರಂದು ಈ ನೆಲವನ್ನು ಅದರ ಮೂಲ ಒಡೆಯರಾದ ಅನಂಗು ಜನರಿಗೆ ಮರಳಿಸಲಾಯಿತು, 2019ರ ಅದೇ ದಿನದಿಂದ ಬಂಡೆ ಹತ್ತುವುದನ್ನು ನಿಲ್ಲಿಸಲಾಯಿತು. ದಾರಿಯ ಕೆಲವೆಡೆ ಫೋಟೋ ತೆಗೆಯಬಾರದೆಂಬ ಫಲಕಗಳಿವೆ. ಗರ್ಭಗುಡಿಯ ಮುಂದೆ ಫೋನನ್ನು ಜೇಬಿಗಿಳಿಸಿ ರೂಢಿಯಿರುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹತ್ತಿರದ ಕಟ ಜುಟ ಎಂಬ ಬಂಡೆಗುಡ್ಡಗಳ ಸಾಲಿನಲ್ಲಿರುವ 7.4 ಕಿ.ಮೀ. ಗಾಳಿಕಣಿವೆಯ ದಾರಿ ನನಗೆ ಉಲೂರುವಿಗಿಂತಲೂ ಹಿಡಿಸಿತು. ಉಷ್ಣಾಂಶ 36 ಡಿಗ್ರಿ ಮುಟ್ಟುವ ಮುನ್ಸೂಚನೆಯಿದ್ದರೆ ಬೆಳಿಗ್ಗೆ 11ಕ್ಕೇ ಇದನ್ನು ಮುಚ್ಚುತ್ತಾರೆ. ಕಿಂಗ್ಸ್ ಕ್ಯಾನಿಯನ್ ಎಂಬ ಕಮರಿಯ ಅಂಚಿನ ಮೇಲಿನ 6 ಕಿ.ಮೀ. ನಡಿಗೆಯಲ್ಲಿ ಮೊದಲ ಏರು ಮಾತ್ರ ಕಷ್ಟ. ಅಲ್ಲಿಗೆ ಹೋಗುವ ಮೆರೀನಿ ರಸ್ತೆ ಮೂಲನಿವಾಸಿಗಳ ನೆಲದ ಮೇಲೆ ಹಾಯುವುದರಿಂದ ಪರವಾನಗಿ ಬೇಕು. ಸಾಮಾನ್ಯ ಕಾರಿನವರು ಡಾಂಬರು ರಸ್ತೆಯಲ್ಲಿ ಬಳಸಿ ಹೋಗುವುದೇ ಮೇಲು.

ನಿಜವಾಗಿ ಚೀಲ ಹೊತ್ತು ದಿನಗಟ್ಟಲೆ ನಡೆಯಬೇಕೆಂಬ ದಂಪತಿಗೆ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಸಾಗುವ ಲಾರಪಿಂಟಾ ಟ್ರೇಲ್ ಇದೆ: ಸುಮಾರು 230 ಕಿ.ಮೀ., 12 ಭಾಗಗಳು. ಮುಂಗಡ ಬುಕಿಂಗ್ ಕಡ್ಡಾಯ. ತಂಗುದಾಣಗಳಲ್ಲಿ ನೀರಿನ ತೊಟ್ಟಿಗಳಿವೆ, ಆಹಾರವನ್ನು ಮೊದಲೇ ನಡುದಾರಿಯ ಕೋಣೆಗಳಲ್ಲಿ ಇಟ್ಟುಬರಬಹುದು. ನಾವು ಮೂರು ದಿನ ಮಾತ್ರ ನಡೆದೆವು. ಮೊದಲ ದಿನ ಅವರು ವೇಗವಾಗಿ ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತಿದ್ದರು. ನಾನು ತಲುಪಿದೊಡನೆ, ಅಷ್ಟರಲ್ಲಿ ದಣಿವಾರಿಸಿಕೊಂಡಿದ್ದ ಅವರು ಮತ್ತೆ ಹೊರಡುತ್ತಿದ್ದರು, ನನಗೆ ವಿಶ್ರಾಂತಿಯೇ ಇರಲಿಲ್ಲ. ಎರಡನೆಯ ದಿನದಿಂದ ನಿಧಾನ ನಡೆಯುವವರು ಮುಂದೆ ಎಂದು ಬದಲಿಸಿದೆವು. ಹಿಂತಿರುಗೋಣವೆಂದು ಒಬ್ಬರು ಹೇಳಿದರೆ ಇನ್ನೊಬ್ಬರು ಕಾರಣ ಕೇಳದೆ ಹಿಂತಿರುಗಬೇಕೆಂದೂ ಅಂದೇ ಗೊತ್ತುಮಾಡಿಕೊಂಡೆವು.

ವಾಹನ ಕೆಟ್ಟು ನಿಂತರೆ

ಮೊಬೈಲ್ ಸಂಪರ್ಕ ಊರಿನ ಹೊರಗೆ ಹೆಚ್ಚಿನ ಕಡೆ ಇರುವುದಿಲ್ಲ. ಪಿಎಲ್‌ಬಿ ಎಂಬ, ಅಂಗೈಯಗಲದ ತುರ್ತು ಸಂಕೇತ ಸಾಧನ ಬಾಡಿಗೆಗೆ ಸಿಗುತ್ತದೆ. ಜೀವಕ್ಕೆ ಅಪಾಯವಾದಾಗ ಅದನ್ನು ಒತ್ತಿದರೆ ಉಪಗ್ರಹದ ಮೂಲಕ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರಕ್ಕೆ ಸೂಚನೆ ಹೋಗುತ್ತದೆ. ಅದನ್ನು ಬಳಸುವುದು ಇಬ್ಬರಿಗೂ ಗೊತ್ತಿರಲಿ, ಚೀಲದ ತಳದಲ್ಲಲ್ಲದೆ ಮೈಮೇಲಿರಲಿ. ಸಂಪರ್ಕವಿದ್ದಲ್ಲಿ ತುರ್ತು ಕರೆಗೆ 000.

ಕೆಟ್ಟ ವಾಹನವನ್ನು ಬಿಟ್ಟು ನೆರವು ಹುಡುಕುತ್ತ ಯಾರೂ ನಡೆದುಹೋಗಬಾರದು. ದಂಪತಿಗೆ ಇದು ಇನ್ನೂ ಕಠಿಣ ಪರೀಕ್ಷೆ, ಏಕೆಂದರೆ ‘ನೀನಿಲ್ಲಿರು, ನಾನು ನೋಡಿಬರುತ್ತೇನೆ’ ಎಂಬ ಮಾತು ಅಲ್ಲಿ ಪ್ರೀತಿಯಿಂದಲೇ ಬಾಯಿಗೆ ಬರುತ್ತದೆ. ಆಕಾಶದಿಂದ ಹುಡುಕುವವರಿಗೆ ಕಾರು ಕಾಣುತ್ತದೆ, ಪೊದೆಗಳ ನಡುವೆ ನಡೆಯುವ ಮನುಷ್ಯ ಕಾಣುವುದಿಲ್ಲ. ಬಾನೆಟ್ ಎತ್ತಿಟ್ಟು, ಕಾರಿನ ನೆರಳಲ್ಲಿ ಇಬ್ಬರೂ ಕುಳಿತು ಕಾಯಬೇಕು. ಕಾಯಿಲೆ ಬಿದ್ದವರನ್ನು ವಿಮಾನದಲ್ಲಿ ಒಯ್ಯುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸೇವೆ 1928ರಿಂದ ಔಟ್‌ಬ್ಯಾಕ್‌ನಲ್ಲಿದೆ, ಹೆದ್ದಾರಿಯ ಕೆಲವು ಭಾಗಗಳನ್ನೇ ಅದರ ರನ್‌ವೇಯಾಗಿ ಗುರುತುಮಾಡಿದ್ದಾರೆ. ಆದರೂ ಪ್ರವಾಸ ವಿಮೆಯಿಲ್ಲದೆ ಹೋಗಬೇಡಿ.

ಗಡಿ ದಾಟಿ ದಕ್ಷಿಣಕ್ಕೆ

ಹಣ್ಣುನೊಣದ ಭಯದಿಂದ ಸೌತ್ ಆಸ್ಟ್ರೇಲಿಯಾ ರಾಜ್ಯದೊಳಗೆ ಹೊರಗಿನ ಹಣ್ಣು ಒಯ್ಯಲು ಬಿಡುವುದಿಲ್ಲ, ಹಾಗಾಗಿ ಗಡಿಗೆ ಬರುವ ಮೊದಲೇ ಬುಟ್ಟಿ ಖಾಲಿಯಾಗುವಂತೆ ಲೆಕ್ಕಹಾಕಿ ಕೊಳ್ಳಿ. ಮುಂದೆ ಸಿಗುವ ಕೂಬರ್ ಪೀಡಿ 1915ರಲ್ಲಿ ಓಪಲ್ ಕಲ್ಲು ದೊರೆತು ಬೆಳೆದ ಊರು, ಬಿಸಿಲಿಗೆ ಹೆದರಿ ಜನ ನೆಲದಡಿ ಮನೆ ಕೊರೆದುಕೊಂಡಿದ್ದಾರೆ. ಟೆಂಟು ಮಡಚಿಟ್ಟು ಅಲ್ಲೊಂದು ರಾತ್ರಿ ನೆಲದೊಳಗಿನ ಕೋಣೆಯಲ್ಲಿ ಮಲಗಿ.

ಅಲ್ಲಿಂದ ಅಡಿಲೇಡ್ ಸುಮಾರು 850 ಕಿ.ಮೀ., ಎರಡು ದಿನ ಇಟ್ಟುಕೊಳ್ಳಿ. ಕಾರು ಮರಳಿಸುವ ಮುನ್ನ ನೀರು ಹಾಯಿಸಿ ತೊಳೆದು, ನಾಲ್ಕೂ ಬದಿಯ ಫೋಟೋ ತೆಗೆದಿಡಿ. ಬಾಗಿಲಿನ ರಬ್ಬರಿನ ಸಂದಿಯಿಂದ ಕೆಂಪು ಧೂಳು ಎಷ್ಟು ಒರೆಸಿದರೂ ಬರುತ್ತಲೇ ಇರುತ್ತದೆ, ಅದಕ್ಕೆಂದೇ ಒಂದು ಹಳೆಯ ಟವೆಲ್ಲನ್ನು ಕೊನೆಯವರೆಗೂ ಉಳಿಸಿಕೊಂಡಿರಿ.