ತುಕ್ಕು ಹಿಡಿದ ಪಿಟಿಒ ಕ್ಲಚ್ ಬಿಚ್ಚಿದ ನನ್ನ ಅನುಭವ

ಓಹಾಯೋದ ನಮ್ಮ ಮನೆಯಲ್ಲಿ ಹುಲ್ಲು ಕತ್ತರಿಸೋ ಹಳೇ ಟ್ರ್ಯಾಕ್ಟರ್ ಒಂದಿದೆ. ಸ್ವಿಚ್ ಎಳೆದರೂ ಬ್ಲೇಡ್ ತಿರುಗುತ್ತಿರಲಿಲ್ಲ. ಇಂಜಿನ್ ಶಕ್ತಿಯನ್ನು ಬ್ಲೇಡಿಗೆ ದಾಟಿಸೋ ವಿದ್ಯುತ್ ಕ್ಲಚ್‌ನ (ಇದೇ ಪಿಟಿಒ ಕ್ಲಚ್) ಕಾಯಿಲ್, ಅಂದರೆ ತಂತಿಯ ಸುರುಳಿ, ಸುಟ್ಟಿತ್ತು. ಹೊಸದು ತಂದೆ, ಆದರೆ ಹಳೆಯದು ಅಲುಗಾಡಲೇ ಇಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್, ಸ್ಪಾರ್ಕ್ ಪ್ಲಗ್ ವೈರ್ ಎರಡನ್ನೂ ಕಳಚಿದೆ. ಇದನ್ನು ಮರೆಯಲೇಬೇಡಿ. ನಡುವಿನ ಬೋಲ್ಟ್ ಇಂಪ್ಯಾಕ್ಟ್ ಗನ್‌ಗೆ ಸುಲಭವಾಗಿ ಬಂತು. ಕ್ಲಚ್ ಮಾತ್ರ ಶಾಫ್ಟಿಗೆ ಬೆಸುಗೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಶಾಫ್ಟ್ ಸುತ್ತ ಕಂದು ಪುಡಿ ಗಟ್ಟಿಯಾಗಿ ಕೂತಿತ್ತು.

ಸುತ್ತಿಗೆಯಿಂದ ಹೊಡೆಯೋಣ ಅನ್ನಿಸುತ್ತೆ, ಅಲ್ವಾ? ಬೇಡ. ಈ ಶಾಫ್ಟೇ ಇಂಜಿನ್‌ನ ಕ್ರ್ಯಾಂಕ್‌ಶಾಫ್ಟ್, ಏಟು ನೇರ ಅದಕ್ಕೇ ಹೋಗುತ್ತೆ. ಸಲಾಕೆ ಕೊಟ್ಟು ಮೀಟಿದರೆ ಇಂಜಿನ್‌ನ ಅಲ್ಯೂಮಿನಿಯಂ ತಳ ಸೀಳಬಹುದು. ಮೂರು ದಿನ, ಬೆಳಿಗ್ಗೆ ಸಂಜೆ, ತುಕ್ಕು ಬಿಡಿಸೋ ಎಣ್ಣೆ ಬಿಟ್ಟೆ. ಶಾಫ್ಟ್ ಕೆಳಮುಖವಾಗಿರೋದರಿಂದ ಎಣ್ಣೆ ಮೇಲಿನಿಂದಲೇ ಇಳಿಯಬೇಕು. ಉದ್ದ ಕೊಳವೆಯಿರೋ ಡಬ್ಬಿ ತಗೊಳ್ಳಿ.

ಆಮೇಲೆ ಬೋಲ್ಟನ್ನು ವಾಷರ್ ಇಲ್ಲದೆ ಪೂರ್ತಿ ತಿರುಗಿಸಿ ಕೂರಿಸಿದೆ. ನನ್ನ ಕ್ಲಚ್‌ನ ತೂತು ಒಂದು ಇಂಚು, ಬೋಲ್ಟ್ ತಲೆ ಅದಕ್ಕಿಂತ ಚಿಕ್ಕದು. ಹಾಗಾಗಿ ಪುಲ್ಲರ್‌ನ (ಕೊಕ್ಕೆ ಹಾಕಿ, ಸ್ಕ್ರೂ ಬಿಗಿದು ಭಾಗವನ್ನು ಎಳೆದು ತೆಗೆಯೋ ಸಾಧನ) ಸ್ಕ್ರೂ ಆ ತಲೆಯ ಮೇಲೆ ಒತ್ತುತ್ತೆ, ಶಾಫ್ಟ್ ಒಳಗಿನ ತಿರುಪಿನ ಗೆರೆಗಳು ಹಾಳಾಗಲ್ಲ. ಪುಲ್ಲರ್ ಕೊಕ್ಕೆ ಬೆಲ್ಟ್ ಕೂರೋ ಭಾಗಕ್ಕೆ ಹಾಕಿದರೆ ಕ್ಲಚ್ ಅಲ್ಲೇ ಎರಡು ಹೋಳಾಗುತ್ತೆ, ಒಳಗಿನ ತುಂಡು ಶಾಫ್ಟ್‌ನಲ್ಲೇ ಉಳಿಯುತ್ತೆ. ಮೇಲಿನ ತಟ್ಟೆಗೇ ಹಾಕಿ. ಕಾಲು ಸುತ್ತು ಬಿಗಿ ಮಾಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ಕಾಲು ಸುತ್ತು. ಐದನೇ ಸಲ 'ಟಪ್' ಅಂತ ಸದ್ದಾಯಿತು. ಎಷ್ಟು ಖುಷಿಯಾಯಿತು ಗೊತ್ತಾ!

ಶಾಫ್ಟನ್ನು ಎಮರಿ ಕಾಗದದಿಂದ ಉಜ್ಜಿ, ಮತ್ತೆ ಕಚ್ಚಿಕೊಳ್ಳದಂತೆ ತಡೆಯೋ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಸವರಿ, ಹೊಸ ಕ್ಲಚ್ ಏರಿಸಿದೆ. ಕೈಯಲ್ಲೇ ಜಾರಿ ಕೂತಿತು.