ಟೆಸ್ಟೋಸ್ಟಿರಾನ್ ಇಂಜೆಕ್ಷನ್, ಥೈರಾಯ್ಡ್ ಮಾತ್ರೆ, ಮಧ್ಯದಲ್ಲಿ ನನ್ನ ಲಾಂಗ್ ನೋಟ್‌ಬುಕ್

ನನಗೀಗ 44. ಮೂರು ವರ್ಷದಿಂದ ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) ಇಂಜೆಕ್ಷನ್ ತಗೋತಿದೀನಿ, ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆನೂ ಜೊತೆಗೆ ಸೇರ್ಕೊಂಡಿದೆ. ಇವೆರಡೂ ಒಟ್ಟಿಗೆ ಇದ್ರೆ ಬ್ಲಡ್ ರಿಪೋರ್ಟ್ ಓದೋದು ಒಂಥರಾ ಬೇರೆಯವರ ಮನೆ ಜಗಳ ಬಿಡಿಸಿದ ಹಾಗೆ, ಯಾರದ್ದು ತಪ್ಪು ಅಂತ ಮೊದಲ ಸಲಕ್ಕೆ ಗೊತ್ತೇ ಆಗಲ್ಲ. ನಾನು ಡಾಕ್ಟ್ರಲ್ಲ, ಶಿವಮೊಗ್ಗದಲ್ಲಿ ಕೂತು ಲೆಕ್ಕಪತ್ರ ಬರೆಯೋ ಮನುಷ್ಯ, ಡೋಸ್ ಒಂದು ಸಲಾನೂ ನಾನಾಗಿ ಬದಲಾಯಿಸಿಲ್ಲ. ಆದ್ರೆ ಸಂಖ್ಯೆ ಕಂಡ್ರೆ ಬರೆದಿಡೋ ಚಟ ಇದೆ, ಅದೇ ಉಪಯೋಗಕ್ಕೆ ಬಂತು.

ಶುರುವಾಗಿದ್ದು ಹೇಗೆ ಅಂದ್ರೆ, ನನಗೆ 32 ಇದ್ದಾಗ ಮಗಳು ಸ್ಕೂಲಿಂದ ಮಂಗನಬಾವು ಹತ್ತಿಸ್ಕೊಂಡು ಬಂದ್ಲು. ಅವಳಿಗೆ ವಾರದೊಳಗೆ ವಾಸಿ ಆಯ್ತು, ಎರಡು ಮೂರು ವಾರ ಬಿಟ್ಟು ನನಗೆ ಗಲ್ಲ ಊದ್ತು, ಅದು ಇಳೀತು ಅನ್ನೋ ಅಷ್ಟರಲ್ಲಿ ವೃಷಣ ಎರಡೂ ಊದಿ ಎಂಟು ದಿನ ನಡೆಯೋಕೂ ಆಗ್ಲಿಲ್ಲ. ದೊಡ್ಡವರಿಗೆ ಬಂದ್ರೆ ಹಿಂಗಾಗುತ್ತೆ ಅಂತ ಆಗ ಗೊತ್ತಿರ್ಲಿಲ್ಲ. ಆಮೇಲೆ ಎಂಟೊಂಬತ್ತು ವರ್ಷದಲ್ಲಿ ನಿಧಾನಕ್ಕೆ ಸುಸ್ತು, ಗಡ್ಡ ತೆಳ್ಳಗಾಗೋದು, ಆಸೆ ಅನ್ನೋದೇ ಇಲ್ಲದ ಹಾಗೆ ಆಗೋದು, ಇದನ್ನೆಲ್ಲ ವಯಸ್ಸು, ಕೆಲಸದ ಒತ್ತಡ ಅಂತ ಸುಮ್ನಿದ್ದೆ.

ಮೊದಲ ಟೆಸ್ಟು ಮಧ್ಯಾಹ್ನ ಮೂರೂವರೆಗೆ, ಹೊಟ್ಟೆ ತುಂಬಾ ಊಟ ಮಾಡಿ ಹೋಗಿ ಕೊಟ್ಟಿದ್ದು. ಟೋಟಲ್ ಟೆಸ್ಟೋಸ್ಟಿರಾನ್ 212 ಬಂತು. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟ್ರು) ಮೇಡಂ ಆ ಕಾಗದ ಪಕ್ಕಕ್ಕಿಟ್ಟು "ಇದನ್ನ ನಾನು ಲೆಕ್ಕಕ್ಕೆ ತಗೊಳಲ್ಲ, ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೇಲಿ ಎರಡು ಬೇರೆ ಬೇರೆ ದಿನ ಕೊಡಿ" ಅಂದ್ರು. ಟೆಸ್ಟೋಸ್ಟಿರಾನ್ ಬೆಳಗ್ಗೆ ಜಾಸ್ತಿ ಇದ್ದು ಹೊತ್ತೇರಿದ ಹಾಗೆ ಇಳಿಯುತ್ತೆ, ಊಟ ಆದ್ಮೇಲೂ ಇಳಿಯುತ್ತೆ. ಎರಡು ಸಲ ಕೊಟ್ಟೆ, 248, 239. ಎರಡೂ ಕನಿಷ್ಠ ಮಿತಿ 300ಕ್ಕಿಂತ ಕಡಿಮೆ, ಜೊತೆಗೆ ಎಲ್‌ಎಚ್ (ಟೆಸ್ಟೋಸ್ಟಿರಾನ್ ಮಾಡು ಅಂತ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸೋ ಹಾರ್ಮೋನ್) 19, ಅಂದ್ರೆ ಜಾಸ್ತಿ. ಅಂದ್ರೆ ಮೆದುಳಿನ ಕಡೆಯಿಂದ ಪಿಟ್ಯುಟರಿ ಕೂಗ್ತಾ ಇದೆ, ಕೆಳಗಡೆಯವರಿಗೆ ಕೆಲಸ ಮಾಡೋಕಾಗ್ತಿಲ್ಲ. ಮಂಗನಬಾವಿನ ಕಥೆಗೂ ಇದಕ್ಕೂ ಸರಿಯಾಗಿ ಹೊಂದ್ಕೊಂತು.

ಆದ್ರೆ ಅದೇ ರಿಪೋರ್ಟಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ ಪಿಟ್ಯುಟರಿ ಕಳಿಸೋ ಹಾರ್ಮೋನ್, ಥೈರಾಯ್ಡ್ ಸೋತ್ರೆ ಇದು ಏರುತ್ತೆ) 6.9 ಇತ್ತು, ಸ್ವಲ್ಪ ಜಾಸ್ತಿ, ಫ್ರೀ ಟಿ4 (ದೇಹಕ್ಕೆ ನೇರವಾಗಿ ಸಿಗೋ ಥೈರಾಯ್ಡ್ ಹಾರ್ಮೋನ್) ನಾರ್ಮಲ್, ಆಂಟಿ ಟಿಪಿಒ (ದೇಹ ತನ್ನ ಥೈರಾಯ್ಡ್ ವಿರುದ್ಧವೇ ಮಾಡೋ ಆಂಟಿಬಾಡಿ) 340, ಇದೂ ಜಾಸ್ತಿ. ನಮ್ಮಮ್ಮನಿಗೆ ಮೊದಲಿಂದ ಥೈರಾಯ್ಡ್ ಇದೆ ಹಾಗಾಗಿ ಆಶ್ಚರ್ಯ ಏನಾಗ್ಲಿಲ್ಲ. ನಾನು ಕೇಳ್ದೆ, ಥೈರಾಯ್ಡ್ ಸರಿ ಮಾಡಿದ್ರೆ ಟೆಸ್ಟೋಸ್ಟಿರಾನ್ ತಾನಾಗೇ ಏರಲ್ವಾ ಮೇಡಂ ಅಂತ. ಪ್ರಶ್ನೆ ಒಳ್ಳೇದೇ ಅಂದ್ರು. ಥೈರಾಯ್ಡ್ ಕಡಿಮೆ ಆದ್ರೆ ಲಿವರ್ ಎಸ್‌ಎಚ್‌ಬಿಜಿ ಅನ್ನೋ ಪ್ರೊಟೀನ್ ಕಡಿಮೆ ತಯಾರಿಸುತ್ತೆ, ಟೆಸ್ಟೋಸ್ಟಿರಾನ್ ರಕ್ತದಲ್ಲಿ ಓಡಾಡೋದು ಅದರ ಹೆಗಲ ಮೇಲೆ ಕೂತ್ಕೊಂಡು, ಹೆಗಲೇ ಕಡಿಮೆ ಆದ್ರೆ ಟೋಟಲ್ ಲೆಕ್ಕ ಕಡಿಮೆ ಕಾಣುತ್ತೆ, ದೇಹಕ್ಕೆ ಸಿಗೋ ಫ್ರೀ ಭಾಗ ಸರಿಯಾಗಿದ್ರೂನೂ. ಥೈರಾಯ್ಡ್ ಜಾಸ್ತಿ ಆದ್ರೆ ಇದರ ಉಲ್ಟಾ, ಟೋಟಲ್ ಭರ್ಜರಿ ಕಾಣುತ್ತೆ ಮನುಷ್ಯ ಸುಸ್ತಾಗಿರ್ತಾನೆ. ಇನ್ನೊಂದು ದಾರಿನೂ ಇದೆ, ಥೈರಾಯ್ಡ್ ತುಂಬಾ ಕಡಿಮೆ ಆದ್ರೆ ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಏರಿ ಅದು ಎಲ್‌ಎಚ್‌ನ ಅದುಮುತ್ತೆ. ನನ್ನ ಪ್ರೊಲ್ಯಾಕ್ಟಿನ್ ಸರಿ ಇತ್ತು, ಎಲ್‌ಎಚ್ ಅದುಮಿಲ್ಲ ಎದ್ದು ನಿಂತಿದೆ. ಹಾಗಾಗಿ ಇದು ಥೈರಾಯ್ಡ್ ಮಾಡಿದ ಆಟ ಅಲ್ಲ, ಎರಡು ಬೇರೆ ಬೇರೆ ಕಾಯಿಲೆ.

ಇಲ್ಲೊಂದು ಮಾತು ಸೇರಿಸ್ಬೇಕು. ನನ್ನ ಕೇಸಲ್ಲಿ ಎಲ್‌ಎಚ್ ಜಾಸ್ತಿ ಇತ್ತು. ಯಾರಿಗಾದ್ರೂ ಟೆಸ್ಟೋಸ್ಟಿರಾನೂ ಕಡಿಮೆ ಎಲ್‌ಎಚ್ಚೂ ಕಡಿಮೆ, ಫ್ರೀ ಟಿ4 ಕಡಿಮೆ ಆದ್ರೂ ಟಿಎಸ್‌ಎಚ್ ನಾರ್ಮಲ್ ಅಂತ ಬಂದ್ರೆ, "ಟಿಎಸ್‌ಎಚ್ ನಾರ್ಮಲ್ ಇದೆಯಲ್ಲ" ಅಂತ ಮನೆಗೆ ಬರಬಾರ್ದು, ಅಲ್ಲಿ ಪಿಟ್ಯುಟರಿನೇ ಮಲಗಿರಬಹುದು. ಅಂಥವರಿಗೆ ಥೈರಾಯ್ಡ್ ಮಾತ್ರೆ ಕೊಡೋಕೆ ಮುಂಚೆ ಬೆಳಗಿನ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ನೋಡ್ತಾರೆ, ಕಾರ್ಟಿಸಾಲ್ ಕಡಿಮೆ ಇದ್ದು ಮೊದಲು ಥೈರಾಕ್ಸಿನ್ (ಅದೇ ಥೈರಾಯ್ಡ್ ಮಾತ್ರೆ) ಕೊಟ್ರೆ ಜೀವಕ್ಕೇ ಅಪಾಯ.

ನನಗೆ ಬರೆದಿದ್ದು ಟೆಸ್ಟೋಸ್ಟಿರಾನ್ ಅಂಡೆಕನೊಯೇಟ್ 1000 ಮಿಲಿಗ್ರಾಂ. ನಾಲ್ಕು ಎಂಎಲ್, ಕುಂಡೆಗೆ, ಎರಡು ನಿಮಿಷ ನಿಧಾನಕ್ಕೆ ತಳ್ತಾರೆ. ಔಷಧಿ ಕಲಸಿರೋದು ಹರಳೆಣ್ಣೇಲಿ ಅಂತ ಗೊತ್ತಾಗಿ ನಮ್ಮಮ್ಮ "ಅಷ್ಟಕ್ಕೆ ಅಷ್ಟು ದುಡ್ಡಾ, ನಾನೇ ನೆತ್ತಿಗೆ ಹಚ್ತಿದ್ನಲ್ಲೋ" ಅಂದ್ರು. ಮೊದಲನೇದು, ಆರು ವಾರಕ್ಕೆ ಎರಡನೇದು, ಆಮೇಲೆ 12 ವಾರಕ್ಕೊಂದು. ಮಕ್ಕಳು ಬೇಕು ಅನ್ನೋರು ಇದನ್ನ ಶುರು ಮಾಡೋ ಮುಂಚೆ ಡಾಕ್ಟ್ರಿಗೆ ಹೇಳ್ಲೇಬೇಕು, ವೀರ್ಯಾಣು ಉತ್ಪತ್ತಿ ನಿಂತೋಗುತ್ತೆ. ನನಗೆ ಆ ಯೋಚನೆ ಇರ್ಲಿಲ್ಲ.

ಮೊದಲ ತಪ್ಪು ಇಲ್ಲೇ ಮಾಡ್ದೆ. ಮೂರನೇ ಇಂಜೆಕ್ಷನ್ ಆಗಿ ಹತ್ತನೇ ದಿನಕ್ಕೆ ಕುತೂಹಲ ತಡೆಯೋಕಾಗ್ದೆ ನಾನೇ ಹೋಗಿ ಟೆಸ್ಟ್ ಮಾಡಿಸ್ದೆ, 1040 ಬಂತು, ದಪ್ಪ ಅಕ್ಷರದಲ್ಲಿ ಪಕ್ಕದಲ್ಲಿ ಬಾಣದ ಗುರುತು. ಎರಡು ರಾತ್ರಿ ನಿದ್ದೆ ಇಲ್ಲ. ಈ ಇಂಜೆಕ್ಷನ್‌ಗೆ ನೋಡ್ಬೇಕಾಗಿದ್ದು ಮುಂದಿನ ಇಂಜೆಕ್ಷನ್ ಚುಚ್ಚೋಕೆ ಮುಂಚಿನ ಮಟ್ಟ, ಅಂದ್ರೆ ತಳ. ನಡು ಮಳೆಗಾಲದಲ್ಲಿ ಡ್ಯಾಂ ನೋಡಿ ಬೇಸಿಗೆಗೆ ನೀರಿದೆ ಅಂತ ಹೇಳೋಕಾಗುತ್ತಾ. ಎರಡು ವಾರಕ್ಕೊಮ್ಮೆ ತಗೊಳೋ ಇನ್ನೊಂದು ನಮೂನೆ ಇಂಜೆಕ್ಷನ್‌ಗೆ ಎರಡರ ನಡುವಿನ ದಿನ ನೋಡ್ತಾರೆ, ಜೆಲ್ ಹಚ್ಚೋರಿಗೆ ಹಚ್ಚಿದ ಎರಡರಿಂದ ಎಂಟು ಗಂಟೆ ಒಳಗೆ. ರಿಪೋರ್ಟ್ ಮೇಲೆ ಇದ್ಯಾವುದೂ ಬರೆದಿರಲ್ಲ. ಅವತ್ತಿಂದ ಮಗಳ ಹಳೇ ಲಾಂಗ್ ನೋಟ್‌ಬುಕ್ಕಲ್ಲಿ ಗೆರೆ ಹಾಕಿ ಬರೆಯೋಕೆ ಶುರು ಮಾಡ್ದೆ: ತಾರೀಕು, ಎಷ್ಟು ಗಂಟೆ, ಇಂಜೆಕ್ಷನ್ ಆಗಿ ಎಷ್ಟನೇ ದಿನ, ಯಾವ ಲ್ಯಾಬ್, ಬೆಳಗಿನ ಮಾತ್ರೆ ತಗೊಂಡಿದ್ನಾ ಇಲ್ವಾ, ಬೇರೆ ಏನು ನುಂಗಿದೀನಿ.

ಯೂನಿಟ್ ಕಾಲಂ ಆಮೇಲೆ ಸೇರಿಸಿದ್ದು. ಒಂದು ಸಲ ಲ್ಯಾಬ್ ಬದಲಾಯಿಸಿದ್ದಕ್ಕೆ ಟೆಸ್ಟೋಸ್ಟಿರಾನ್ 3.8 ಅಂತ ಮೊಬೈಲಿಗೆ ಬಂತು, ಬಸ್ಸಲ್ಲಿದ್ದೆ, ಎದೆ ಧಸಕ್ ಅಂತು. ನೋಡಿದ್ರೆ ಅದು ಒಂದು ಎಂಎಲ್ ಲೆಕ್ಕ, ನಾನು ನೋಡ್ತಿದ್ದಿದ್ದು ನೂರು ಎಂಎಲ್ ಲೆಕ್ಕ, 3.8 ಅಂದ್ರೆ 380, ತಳದ ಮಟ್ಟಕ್ಕೆ ಏನೂ ತೊಂದ್ರೆ ಇಲ್ಲದ ಸಂಖ್ಯೆ. ಹೊರದೇಶದ ರಿಪೋರ್ಟ್‌ಗಳಲ್ಲಿ ನ್ಯಾನೊಮೋಲ್ ಇರುತ್ತೆ, ಅದನ್ನ ಸುಮಾರು 29ರಿಂದ ಗುಣಿಸಿದ್ರೆ ನಮ್ಮ ಲೆಕ್ಕ ಬರುತ್ತೆ.

ಎಂಟು ತಿಂಗಳಾದ್ಮೇಲೆ ಮನೆಗೇ ಬಂದು ರಕ್ತ ತಗೊಳೋ ಆಫರ್ ಪ್ಯಾಕೇಜ್ ಒಂದು ಮಾಡಿಸ್ದೆ. ಈ ಪ್ಯಾಕೇಜ್‌ಗಳಲ್ಲಿ ಥೈರಾಯ್ಡ್ ಅಂದ್ರೆ ಟಿ3, ಟಿ4, ಟಿಎಸ್‌ಎಚ್, ಅದರಲ್ಲಿ ಟಿ3 ಟಿ4 ಎರಡೂ ಟೋಟಲ್. ನನ್ನ ಟೋಟಲ್ ಟಿ4 7.4 ಇದ್ದಿದ್ದು 5.2ಕ್ಕೆ ಇಳಿದಿತ್ತು. ಟೆಸ್ಟೋಸ್ಟಿರಾನ್ ನನ್ನ ಥೈರಾಯ್ಡ್‌ನ ತಿಂದ್ಹಾಕ್ತಿದೆ ಅಂತ ನಾನೇ ತೀರ್ಮಾನ ಮಾಡ್ಕೊಂಡು ಇಂಜೆಕ್ಷನ್ ಬಿಟ್ಟೇಬಿಡೋಣ ಅಂತ ಮೇಡಂ ಹತ್ರ ಹೋದೆ. ಅವ್ರು ಫ್ರೀ ಟಿ4 ಬರೆದ್ರು, 1.05, ಮೊದಲು ಎಷ್ಟಿತ್ತೋ ಅಷ್ಟೇ. ವಿಷಯ ಏನಂದ್ರೆ ಥೈರಾಯ್ಡ್ ಹಾರ್ಮೋನ್‌ಗೂ ಹೊತ್ಕೊಂಡು ತಿರುಗೋ ಪ್ರೊಟೀನ್ ಒಂದಿದೆ, ಟೆಸ್ಟೋಸ್ಟಿರಾನ್ ತಗೊಂಡ್ರೆ ಅದು ಕಡಿಮೆ ಆಗುತ್ತೆ, ಟೋಟಲ್ ಇಳಿಯುತ್ತೆ, ಫ್ರೀ ಮಾತ್ರ ಹಾಗೇ ಇರುತ್ತೆ. ಅಲ್ಲಿ ಥೈರಾಯ್ಡ್ ಟೆಸ್ಟೋಸ್ಟಿರಾನಿನ ಲೆಕ್ಕ ಕೆಡಿಸ್ತು, ಇಲ್ಲಿ ಟೆಸ್ಟೋಸ್ಟಿರಾನ್ ಥೈರಾಯ್ಡ್ ಲೆಕ್ಕ ಕೆಡಿಸ್ತು, ಕೊಟ್ಟು ತಗೊಂಡು ಸರಿಹೋಯ್ತು. ಆಮೇಲಿಂದ ಟೋಟಲ್ ಟಿ3 ಟಿ4 ನೋಡೋದೇ ಬಿಟ್ಟಿದೀನಿ. ಫ್ರೀ ಟೆಸ್ಟೋಸ್ಟಿರಾನ್ ವಿಷಯ ಮಾತ್ರ ಉಲ್ಟಾ, ಲ್ಯಾಬಿನವರು ನೇರವಾಗಿ ಅಳೆದು ಕೊಡೋ ಫ್ರೀ ಟೆಸ್ಟೋಸ್ಟಿರಾನ್ ಬಹಳಷ್ಟು ಕಡೆ ನಂಬೋ ಹಾಗಿರಲ್ಲ, ಟೋಟಲ್, ಎಸ್‌ಎಚ್‌ಬಿಜಿ, ಆಲ್ಬುಮಿನ್ (ರಕ್ತದ ಇನ್ನೊಂದು ಪ್ರೊಟೀನ್) ಮೂರನ್ನೂ ಹಾಕಿ ಲೆಕ್ಕದಿಂದ ತೆಗೆಯೋದೇ ವಾಸಿ ಅಂತ ಮೇಡಂ ಹೇಳಿದ್ರು.

ಒಂದು ವರ್ಷಕ್ಕೆ ನಿಜವಾಗ್ಲೂ ಥೈರಾಯ್ಡ್ ಕೈಕೊಡ್ತು. ಚಳಿ, ಮಲಬದ್ಧತೆ, ಮಧ್ಯಾಹ್ನ ಮೂರಕ್ಕೆ ಲೆಡ್ಜರ್ ಮೇಲೇ ತೂಕಡಿಕೆ. ಇಂಜೆಕ್ಷನ್ ಸಾಲ್ತಿಲ್ಲ, ವಾರ ಕಡಿಮೆ ಮಾಡಿಸ್ಕೋಬೇಕು ಅಂತ ನನ್ನ ಲೆಕ್ಕಾಚಾರ, ತಳದ ಮಟ್ಟ ನೋಡಿದ್ರೆ 390. ಟಿಎಸ್‌ಎಚ್ 11.2, ಫ್ರೀ ಟಿ4 0.8. ಥೈರಾಕ್ಸಿನ್ 50ರ ಮಾತ್ರೆ ಶುರುವಾಯ್ತು. ಎಂಟು ವಾರ ಬಿಟ್ಟು ನೋಡಿದ್ರೂ ಟಿಎಸ್‌ಎಚ್ 7.1. ಎಂಟು ವಾರ ಯಾಕೆ ಅಂದ್ರೆ ಈ ಮಾತ್ರೆ ರಕ್ತದಲ್ಲಿ ಅರ್ಧ ಆಗೋಕೇ ಒಂದು ವಾರ ಬೇಕು, ಹದಿನೈದು ದಿನಕ್ಕೆ ಟೆಸ್ಟ್ ಮಾಡಿಸಿದ್ರೆ ದುಡ್ಡು ದಂಡ. ಡೋಸ್ ಏರಿಸೋ ಮುಂಚೆ ಮೇಡಂ ಕೇಳಿದ್ದು "ಮಾತ್ರೆ ಆಗಿ ಎಷ್ಟು ಹೊತ್ತಿಗೆ ಕಾಫಿ?" ಐದು ನಿಮಿಷ! ಡಿಕಾಕ್ಷನ್ ಇಳಿಯೋ ಅಷ್ಟರಲ್ಲಿ ಮಾತ್ರೆ ನುಂಗ್ತಿದ್ದೆ ಅಷ್ಟೇ. ಜೊತೆಗೆ ತಿಂಡಿ ಆದ್ಮೇಲೆ ಮಂಡಿನೋವಿಗೆ ಅಂತ ಕ್ಯಾಲ್ಸಿಯಂ. ಕಾಫಿನ ಒಂದು ಗಂಟೆ ಮುಂದಕ್ಕೆ ಹಾಕ್ದೆ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹೋಯ್ತು, ಅದೇ 50ರಲ್ಲಿ ಟಿಎಸ್‌ಎಚ್ 2.6ಕ್ಕೆ ಬಂತು. ಆ ಒಂದು ಗಂಟೆ ಇವತ್ತಿಗೂ ನನಗೆ ಶಿಕ್ಷೆನೇ. ತಮಾಷೆ ಅಂದ್ರೆ ಥೈರಾಯ್ಡ್ ಸರಿ ಆಗ್ತಿದ್ದ ಹಾಗೆ ಎಸ್‌ಎಚ್‌ಬಿಜಿ 18ರಿಂದ 27ಕ್ಕೆ ಏರಿ ಟೋಟಲ್ ಟೆಸ್ಟೋಸ್ಟಿರಾನ್ 470 ಆಯ್ತು, ಇಂಜೆಕ್ಷನ್ ಡೋಸ್ ಒಂದು ಹನಿನೂ ಜಾಸ್ತಿ ಆಗಿರ್ಲಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ರಾದ್ಧಾಂತ. ಹೋದ ವರ್ಷ ಇಂಜೆಕ್ಷನ್ ದಿನ ಬೆಳಗ್ಗೆ ಕೊಟ್ಟ ರಕ್ತದಲ್ಲಿ ಟಿಎಸ್‌ಎಚ್ 0.04, ಫ್ರೀ ಟಿ4 3.1, ಟೆಸ್ಟೋಸ್ಟಿರಾನ್ 1480. ತಳದ ಮಟ್ಟನೇ 1480! ಮೇಡಂ ಊರಲ್ಲಿರ್ಲಿಲ್ಲ, ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದ್ರೆ ಅಲ್ಲಿನ ಡಾಕ್ಟ್ರು ರಿಪೋರ್ಟ್ ನೋಡಿದ್ರು ನನ್ನ ಮುಖ ನೋಡ್ಲಿಲ್ಲ, ಎರಡೂ ಓವರ್‌ಡೋಸ್ ಆಗಿದೆ, ಎರಡೂ ನಿಲ್ಲಿಸಿ, ಥೈರಾಯ್ಡ್ ಇಳಿಸೋ ಮಾತ್ರೆ ಬರೀತೀನಿ ಅಂದ್ರು. ಚೀಟಿ ಹಿಡ್ಕೊಂಡು ಮನೆಗೆ ಬಂದೆ. ನನ್ನ ಹೆಂಡ್ತಿ ಅದನ್ನ ಓದಿ, ಗೂಗಲ್ ನೋಡಿ, "ರೀ, ಕೈ ನಡುಗ್ತಿಲ್ಲ, ಬೆವರ್ತಿಲ್ಲ, ತೂಕ ಎರಡು ಕೆಜಿ ಏರಿದೆ, ರಾತ್ರಿ ಓಣಿಗೆಲ್ಲ ಕೇಳೋ ಹಾಗೆ ಗೊರಕೆ ಹೊಡೀತೀರಾ, ಇದ್ಯಾವ ಸೀಮೆ ಜಾಸ್ತಿ ಥೈರಾಯ್ಡು?" ಅಂದ್ಲು. ನಾಡಿ ಎಣಿಸಿದ್ರೆ 68. ಔಷಧಿ ತರೋಕೆ ಹೋಗ್ಲಿಲ್ಲ, ಮೇಡಂಗೆ ಫೋನ್ ಮಾಡ್ದೆ.

"ಹೊಸದಾಗಿ ಏನು ಶುರು ಮಾಡಿದೀರಾ?"

"ಏನೂ ಇಲ್ಲ ಮೇಡಂ."

"ಪ್ರೊಟೀನ್ ಪೌಡರ್, ಆಯುರ್ವೇದ, ಕೂದಲಿಗೆ ಏನಾದ್ರೂ?"

ಕೂದಲು! ಎರಡು ತಿಂಗಳಿಂದ ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಿಂತಿದ್ದೆ, ಅದು ಔಷಧಿ ಅಂತ ತಲೆಗೇ ಬಂದಿರ್ಲಿಲ್ಲ, ನೋಟ್‌ಬುಕ್ಕಲ್ಲೂ ಬರೆದಿರ್ಲಿಲ್ಲ. ದಿನಕ್ಕೆ ದೇಹಕ್ಕೆ ಬೇಕಾಗೋದು 30-40 ಮೈಕ್ರೋಗ್ರಾಂ, ನನ್ನ ಮಾತ್ರೇಲಿ ಇದ್ದಿದ್ದು 10,000. ಎಷ್ಟೋ ಲ್ಯಾಬ್ ಮೆಷಿನ್‌ಗಳು ಹಾರ್ಮೋನ್ ಹಿಡಿಯೋಕೆ ಬಯೋಟಿನ್ನೇ ಗಾಳದ ಕೊಕ್ಕೆ ಥರ ಬಳಸ್ತವೆ, ರಕ್ತದಲ್ಲೇ ಬಯೋಟಿನ್ ತುಂಬಿದ್ರೆ ಆ ಜಾಗ ಎಲ್ಲ ಅದೇ ಆಕ್ರಮಿಸ್ಕೊಂಡು ಲೆಕ್ಕ ತಲೆಕೆಳಗಾಗುತ್ತೆ: ಟಿಎಸ್‌ಎಚ್ ಸುಳ್ಳೇ ಕಡಿಮೆ, ಫ್ರೀ ಟಿ4 ಮತ್ತೆ ಟೆಸ್ಟೋಸ್ಟಿರಾನ್ ಸುಳ್ಳೇ ಜಾಸ್ತಿ, ಯಾಕಂದ್ರೆ ಇವೆರಡನ್ನ ಅಳೆಯೋ ವಿಧಾನ ಟಿಎಸ್‌ಎಚ್‌ಗೆ ವಿರುದ್ಧ. ಅಮೆರಿಕದ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮೂರು ದಿನ ಬಯೋಟಿನ್ ಬಿಟ್ಟು ಮತ್ತೆ ಕೊಟ್ಟೆ, ಟಿಎಸ್‌ಎಚ್ 2.4, ಫ್ರೀ ಟಿ4 1.2, ಟೆಸ್ಟೋಸ್ಟಿರಾನ್ 455. ಆ ಚೀಟಿ ಪ್ರಕಾರ ನಡೆದಿದ್ರೆ ಇರೋ ಥೈರಾಯ್ಡ್‌ನೂ ಅದುಮಿ ಹಾಕ್ತಿದ್ದೆ. ಅಂದಹಾಗೆ ಥೈರಾಯ್ಡ್ ಟೆಸ್ಟಿನ ದಿನ ಬೆಳಗಿನ ಮಾತ್ರೆನೂ ರಕ್ತ ಕೊಟ್ಟ ಮೇಲೇ ನುಂಗೋದು, ಮೊದಲೇ ನುಂಗಿದ್ರೆ ಫ್ರೀ ಟಿ4 ಕೆಲವು ಗಂಟೆ ಏರಿರುತ್ತೆ.

ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ) ವಿಷಯದಲ್ಲಿ ಹೇಳೋ ಅಂಥದ್ದೇನಿಲ್ಲ, 0.7 ಇದ್ದಿದ್ದು 1.1 ಆಗಿ ಅಲ್ಲೇ ಇದೆ. ಈಗ ತಲೆನೋವು ಹೆಮಟೋಕ್ರಿಟ್, ಅಂದ್ರೆ ರಕ್ತದಲ್ಲಿ ಕೆಂಪು ಕಣ ಶೇಕಡಾ ಎಷ್ಟು ಅನ್ನೋ ಲೆಕ್ಕ. ಟೆಸ್ಟೋಸ್ಟಿರಾನ್ ರಕ್ತ ಗಟ್ಟಿ ಮಾಡುತ್ತೆ, 54 ದಾಟಿದ್ರೆ ಇಂಜೆಕ್ಷನ್ ನಿಲ್ಲಿಸ್ತಾರೆ. ಮೊದಲು ಟೆಸ್ಟೋಸ್ಟಿರಾನೂ ಕಡಿಮೆ ಥೈರಾಯ್ಡೂ ಕಡಿಮೆ ಇದ್ದಾಗ ನನ್ನ ಹಿಮೋಗ್ಲೋಬಿನ್ 12.4 ಇತ್ತು, ಹೆಮಟೋಕ್ರಿಟ್ 38, ಎರಡೂ ಸರಿ ಹೋಗ್ತಾ ಹೋಗ್ತಾ ಅದು 44, 49, ಹೋದ ಸಲ 53.1. ಆವತ್ತು ಫಾಸ್ಟಿಂಗ್ ಅಂತ ರಾತ್ರಿಯಿಂದ ನೀರೂ ಕುಡಿಯದೆ ಹೋಗಿದ್ದೆ, ನೀರು ಕುಡೀಬಹುದು, ಕುಡೀಬೇಕು. ನೀರು ಕುಡಿದು ಮತ್ತೆ ಕೊಟ್ರೆ 51.8, ಆದ್ರೂ ಜಾಸ್ತಿನೇ. ಮೇಡಂ ಇಂಜೆಕ್ಷನ್ ಗ್ಯಾಪ್ 12 ವಾರದಿಂದ 14ಕ್ಕೆ ಹಾಕಿದಾರೆ. ಗೊರಕೆ ಎಷ್ಟು ವರ್ಷದಿಂದ ಅಂತ ಕೇಳಿದ್ರು, ನಿದ್ದೇಲಿ ಉಸಿರು ಕಟ್ಟಿದ್ರೂ ರಕ್ತ ಹಿಂಗೇ ಗಟ್ಟಿಯಾಗುತ್ತಂತೆ. ನಾನು ಬಾಯಿ ತೆಗೆಯೋ ಮುಂಚೆ ಹೆಂಡ್ತಿನೇ "ಮದುವೆ ಆದಾಗಿಂದ ಮೇಡಂ" ಅಂದ್ಲು. ಸ್ಲೀಪ್ ಸ್ಟಡಿಗೆ ಮುಂದಿನ ಶುಕ್ರವಾರ ಡೇಟ್ ಕೊಟ್ಟಿದಾರೆ, ನೋಟ್‌ಬುಕ್ಕಲ್ಲಿ ಅದಕ್ಕೂ ಒಂದು ಕಾಲಂ ಎಳೆದಿಟ್ಟಿದೀನಿ.