ಪ್ಯಾರಾವ್ಯೂ 5.11: ಉಬುಂಟು 22.04ರಲ್ಲಿ ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡುವ ಬಗೆ

ಗಾಳಿಯ ಹರಿವು, ಸೇತುವೆಯ ಒತ್ತಡ, ಹವಾಮಾನದ ಲೆಕ್ಕ ಇಂಥವುಗಳ ಫಲಿತಾಂಶವನ್ನು ಮೂರು ಆಯಾಮಗಳಲ್ಲಿ ನೋಡಲು ಪ್ಯಾರಾವ್ಯೂ ಬಳಸುವವರು ಬಹಳ ಮಂದಿ. ಕಿಟ್‌ವೇರ್ ಕಂಪನಿ ಮತ್ತು ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ 2000ದಲ್ಲಿ ಕೂಡಿ ಶುರುಮಾಡಿದ ಯೋಜನೆ ಇದು. ಒಳಗೆ ಚಿತ್ರ ಬಿಡಿಸುವ ಕೆಲಸ ವಿಟಿಕೆ ಎಂಬ ಲೈಬ್ರರಿಯದು, ಕಣ್ಣಿಗೆ ಕಾಣುವ ಕಿಟಕಿ, ಮೆನುಗಳು ಕ್ಯೂಟಿಯವು.

ಒಂದೆರಡು ಫೈಲ್ ತೆರೆದು ನೋಡುವಷ್ಟೇ ಕೆಲಸವಿದ್ದರೆ ಅದರ ತಾಣದಲ್ಲಿ ಸಿಗುವ ಸಿದ್ಧ ಪ್ಯಾಕೇಜ್ ಸಾಕು, ಸೋರ್ಸ್‌ಗೆ ಕೈಹಾಕಬೇಡಿ. ಬಿಲ್ಡ್, ಅಂದರೆ ಸೋರ್ಸ್‌ನಿಂದ ಪ್ರೋಗ್ರಾಂ ಕಟ್ಟುವುದು, ಅನಿವಾರ್ಯವಾಗುವುದು ಮುಖ್ಯವಾಗಿ ಮೂರು ಕಡೆ. ಹಲವು ಕಂಪ್ಯೂಟರ್‌ಗಳನ್ನು ಜೋಡಿಸಿದ ಕ್ಲಸ್ಟರ್‌ನಲ್ಲಿ ಅಲ್ಲಿಯದೇ ಎಂಪಿಐ (ಹಲವು ಪ್ರೋಸೆಸ್‌ಗಳು ಒಂದೇ ಕೆಲಸ ಹಂಚಿಕೊಳ್ಳಲು ಬಳಸುವ ಲೈಬ್ರರಿ) ಜೊತೆ ಓಡಿಸಬೇಕಾದಾಗ, ಮಾನಿಟರ್ ಇಲ್ಲದ ಸರ್ವರ್‌ನಲ್ಲಿ ಚಿತ್ರ ತಯಾರಿಸಬೇಕಾದಾಗ, ನೀವೇ ಸಿ++ ಪ್ಲಗಿನ್ ಬರೆಯುವಾಗ. ಇದರಲ್ಲಿ ನಿಮ್ಮದು ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಮುಂದೆ ಆನ್ ಮಾಡುವ, ಆಫ್ ಮಾಡುವ ಪ್ರತಿ ಆಯ್ಕೆಯೂ ಅದರ ಮೇಲೆ ನಿಂತಿದೆ.

ಒಂದು ಸೂಚನೆ: ಆದೇಶ, ಪ್ಯಾಕೇಜ್ ಮತ್ತು ಆಯ್ಕೆಗಳ ಹೆಸರನ್ನು ಇಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಯಂತ್ರದಲ್ಲಿ ಏನೇನಿದೆ ಎಂದು ಹುಡುಕಿ ಬಿಲ್ಡ್‌ಗೆ ಅಣಿಮಾಡುವ ಉಪಕರಣ ಸಿಮೇಕ್. ಅದರ ಆಯ್ಕೆಗಳು ಬಹುತೇಕ ದೊಡ್ಡಕ್ಷರದಲ್ಲಿರುತ್ತವೆ, ಪದಗಳ ನಡುವೆ ಅಂಡರ್‌ಸ್ಕೋರ್. ಅವನ್ನು ನೆನಪಿಟ್ಟು ಟೈಪ್ ಮಾಡುವ ಕಷ್ಟ ಬೇಡವೆಂದೇ ಮುಂದೆ ಪಟ್ಟಿ ತೋರಿಸುವ ಸಿಸಿಮೇಕ್ ಬಳಸಿದ್ದೇವೆ.

ಯಂತ್ರವನ್ನು ಸಿದ್ಧ ಮಾಡುವುದು

ಡಿಸ್ಕ್‌ನಲ್ಲಿ 20 ಜಿಬಿ ಖಾಲಿ ಇಟ್ಟುಕೊಳ್ಳಿ. ರ‍್ಯಾಮ್ 8 ಜಿಬಿ ಇದ್ದರೂ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ಉಬುಂಟು 22.04ರ ಜೊತೆಗೆ ಬರುವ ಸಿಮೇಕ್ 3.22, ಜಿಸಿಸಿ 11, ಪೈಥಾನ್ 3.10, ಕ್ಯೂಟಿ 5.15 ಎಲ್ಲವೂ ಈ ಆವೃತ್ತಿಗೆ ಹೊಂದುತ್ತವೆ, ಹೊರಗಿನಿಂದ ಏನನ್ನೂ ತರಬೇಕಿಲ್ಲ.

ಸುಡೋ ಆಪ್ಟ್ ಇನ್‌ಸ್ಟಾಲ್ ಮೂಲಕ ಹಾಕಬೇಕಾದವು: ಗಿಟ್, ಬಿಲ್ಡ್-ಎಸೆನ್ಷಿಯಲ್, ಸಿಮೇಕ್, ಸಿಮೇಕ್-ಕರ್ಸಸ್-ಜಿಯುಐ, ನಿಂಜಾ-ಬಿಲ್ಡ್. ಗ್ರಾಫಿಕ್ಸ್‌ಗೆ ಲಿಬ್‌ಜಿಎಲ್1-ಮೆಸಾ-ಡೆವ್, ಲಿಬ್‌ಎಕ್ಸ್‌ಟಿ-ಡೆವ್, ಲಿಬ್‌ಎಕ್ಸ್‌ಕರ್ಸರ್-ಡೆವ್. ಕ್ಯೂಟಿಗೆ ಕ್ಯೂಟಿಬೇಸ್5-ಡೆವ್, ಕ್ಯೂಟಿಟೂಲ್ಸ್5-ಡೆವ್, ಲಿಬ್‌ಕ್ಯೂಟಿ5ಎಸ್‌ವಿಜಿ5-ಡೆವ್, ಲಿಬ್‌ಕ್ಯೂಟಿ5ಎಕ್ಸ್11ಎಕ್ಸ್‌ಟ್ರಾಸ್5-ಡೆವ್, ಕ್ಯೂಟಿಎಕ್ಸ್‌ಎಂಎಲ್‌ಪ್ಯಾಟರ್ನ್ಸ್5-ಡೆವ್-ಟೂಲ್ಸ್. ಕೊನೆಯದನ್ನು ಮರೆಯುವವರೇ ಹೆಚ್ಚು. ಸಹಾಯ ಪುಟಗಳನ್ನು ತಯಾರಿಸಲು ಅದರೊಳಗಿನ ಉಪಕರಣ ಬೇಕು. ಉಳಿದಂತೆ ಪೈಥಾನ್3-ಡೆವ್, ಪೈಥಾನ್3-ನಂಪೈ, ಲಿಬ್‌ಓಪನ್‌ಎಂಪಿಐ-ಡೆವ್, ಲಿಬ್‌ಟಿಬಿಬಿ-ಡೆವ್.

ಹಳೆಯ ಟಿಪ್ಪಣಿಗಳಲ್ಲಿ ಕ್ಯೂಟಿ5-ಡಿಫಾಲ್ಟ್ ಎಂಬ ಪ್ಯಾಕೇಜ್ ಕಾಣುತ್ತದೆ. 22.04ರಲ್ಲಿ ಅದು ಇಲ್ಲ. ಪಟ್ಟಿಯಲ್ಲಿ ಅದೊಂದು ಇದ್ದರೆ ಆಪ್ಟ್ ಉಳಿದವನ್ನೂ ಹಾಕದೆ ನಿಂತುಬಿಡುತ್ತದೆ, ಅದನ್ನು ಬಿಟ್ಟು ಉಳಿದದ್ದನ್ನು ಹಾಕಿ.

ಸೋರ್ಸ್ ತರುವುದು

ವೆಬ್ ಪುಟದಲ್ಲಿ ರೆಪಾಸಿಟರಿಯನ್ನು ಜಿಪ್ ಮಾಡಿ ಕೊಡುವ ಬಟನ್ ಒತ್ತಬೇಡಿ. ಪ್ಯಾರಾವ್ಯೂ ಒಳಗೆ ವಿಟಿಕೆ ಇರುವುದು ಗಿಟ್ ಸಬ್‌ಮಾಡ್ಯೂಲ್ (ಒಳಗೆ ಜೋಡಿಸಿದ ಬೇರೊಂದು ರೆಪಾಸಿಟರಿ) ಆಗಿ, ಆ ಜಿಪ್‌ನಲ್ಲಿ ವಿಟಿಕೆ ಫೋಲ್ಡರ್ ಖಾಲಿ ಬರುತ್ತದೆ. ಕಿಟ್‌ವೇರ್‌ನ ಗಿಟ್‌ಲ್ಯಾಬ್ ವಿಳಾಸದಿಂದ ಗಿಟ್ ಕ್ಲೋನ್ ಮಾಡಿ, ಡ್ಯಾಶ್ ಡ್ಯಾಶ್ ರಿಕರ್ಸಿವ್ ಸೇರಿಸಿ. ಆಮೇಲೆ ವಿ5.11.2 ಟ್ಯಾಗ್‌ಗೆ ಚೆಕ್‌ಔಟ್ ಮಾಡಿ, ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ ಅನ್ನು ಇನಿಟ್, ರಿಕರ್ಸಿವ್ ಎರಡೂ ಕೊಟ್ಟು ಇನ್ನೊಮ್ಮೆ ಓಡಿಸಿ. ಟ್ಯಾಗ್ ಬದಲಿಸಿದಾಗ ಸಬ್‌ಮಾಡ್ಯೂಲ್ ತಾನಾಗಿ ಹಿಂದೆ ಸರಿಯುವುದಿಲ್ಲ. ಈ ಎರಡನೇ ಆದೇಶ ತಪ್ಪಿದರೆ 5.11ರ ಪ್ಯಾರಾವ್ಯೂ ಕೆಳಗೆ ಇಂದಿನ ವಿಟಿಕೆ ಉಳಿದು, ಅರ್ಧ ಕಂಪೈಲ್ ಆದ ಮೇಲೆ ಅರ್ಥವಾಗದ ಎರರ್‌ಗಳ ಸಾಲು ಶುರುವಾಗುತ್ತದೆ.

ಸೋರ್ಸ್ ಫೋಲ್ಡರ್‌ನ ಪಕ್ಕದಲ್ಲಿ, ಹೊರಗೆ, ಬಿಲ್ಡ್‌ಗೆ ಬೇರೆಯೇ ಫೋಲ್ಡರ್ ಮಾಡಿ. ಎಡವಟ್ಟಾದಾಗ ಆ ಫೋಲ್ಡರ್ ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಬಹುದು, ಸೋರ್ಸ್‌ಗೆ ಧಕ್ಕೆಯಿಲ್ಲ.

ಕಾನ್ಫಿಗರ್: ಸಮಯ ಕೊಡಬೇಕಾದ್ದು ಇಲ್ಲಿ

ಕೆಡುವ ಬಿಲ್ಡ್‌ಗಳಲ್ಲಿ ಹೆಚ್ಚಿನವು ಕೆಡುವುದು ಒಂದೇ ಕಾರಣಕ್ಕೆ: ಯಂತ್ರದಲ್ಲಿ ಎರಡು ಪೈಥಾನ್, ಎರಡು ಕ್ಯೂಟಿ ಅಥವಾ ಎರಡು ಎಂಪಿಐ ಇದ್ದು, ಸಿಮೇಕ್ ಒಂದರ ತಲೆಯನ್ನೂ ಇನ್ನೊಂದರ ಬಾಲವನ್ನೂ ಹಿಡಿಯುವುದು. ಪೈಥಾನ್ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಕೋಂಡಾ ಇದ್ದವರಿಗಂತೂ ಇದು ತಪ್ಪಿದ್ದಲ್ಲ. ಅದರ ಬೇಸ್ ಪರಿಸರ ಟರ್ಮಿನಲ್ ತೆರೆದ ಕೂಡಲೇ ಚಾಲೂ ಆಗಿರುತ್ತದೆ, ಅದರೊಳಗೆ ತನ್ನದೇ ಪೈಥಾನ್, ಎಷ್ಟೋ ಸಲ ತನ್ನದೇ ಕ್ಯೂಟಿ. ಮೊದಲು ಕೋಂಡಾ ಡಿಆಕ್ಟಿವೇಟ್ ಕೊಡಿ. ವಿಚ್ ಪೈಥಾನ್3 ಕೇಳಿದಾಗ ಯುಎಸ್‌ಆರ್ ಬಿನ್ ಒಳಗಿನದನ್ನೇ ತೋರಿಸಬೇಕು. ಎಲ್‌ಡಿ ಲೈಬ್ರರಿ ಪಾಥ್ ಪರಿಸರ ಚರಾಂಶದಲ್ಲಿ ಏನಾದರೂ ಉಳಿದಿದೆಯೇ ಎಂದೂ ನೋಡಿ.

ಬಿಲ್ಡ್ ಫೋಲ್ಡರ್‌ಗೆ ಹೋಗಿ ಸಿಸಿಮೇಕ್ ಅನ್ನು ಡ್ಯಾಶ್ ಜಿ ನಿಂಜಾ ಎಂದು, ಕೊನೆಗೆ ಸೋರ್ಸ್ ಫೋಲ್ಡರ್‌ನ ದಾರಿ ಕೊಟ್ಟು ಓಡಿಸಿ. ಖಾಲಿ ಪಟ್ಟಿ ಬರುತ್ತದೆ. ಸಿ ಕೀಲಿ ಒತ್ತಿದರೆ ಹುಡುಕಾಟ ನಡೆದು ಆಯ್ಕೆಗಳು ತುಂಬಿಕೊಳ್ಳುತ್ತವೆ. ಟಿ ಒತ್ತಿದರೆ ಮರೆಯಲ್ಲಿರುವ ಆಯ್ಕೆಗಳೂ ಕಾಣುತ್ತವೆ, ಓರೆಗೆರೆ ಒತ್ತಿ ಹೆಸರು ಹುಡುಕಬಹುದು.

ಬದಲಿಸಬೇಕಾದವು ಇಷ್ಟೇ. ಸಿಮೇಕ್ ಬಿಲ್ಡ್ ಟೈಪ್‌ನಲ್ಲಿ ರಿಲೀಸ್ ಎಂದೇ ಇರಲಿ. ಡೀಬಗ್ ಆಗಿ ಕಟ್ಟಿದ ಪ್ಯಾರಾವ್ಯೂ ದೊಡ್ಡ ಮೆಶ್ ಎದುರು ತೆವಳುತ್ತದೆ. ಪ್ಯಾರಾವ್ಯೂ ಯೂಸ್ ಪೈಥಾನ್, ಪ್ಯಾರಾವ್ಯೂ ಯೂಸ್ ಎಂಪಿಐ ಎರಡೂ ಮೂಲತಃ ಆಫ್ ಇರುತ್ತವೆ, ಆನ್ ಮಾಡಿ. ವಿಟಿಕೆ ಎಸ್‌ಎಂಪಿ ಇಂಪ್ಲಿಮೆಂಟೇಶನ್ ಟೈಪ್‌ಗೆ ಟಿಬಿಬಿ ಕೊಟ್ಟರೆ ಹಲವು ಫಿಲ್ಟರ್‌ಗಳು ಒಂದೇ ಯಂತ್ರದ ಎಲ್ಲ ಕೋರ್‌ಗಳನ್ನು ಬಳಸುತ್ತವೆ. ವಿಟಿಕೆ ಮಾಡ್ಯೂಲ್ ಯೂಸ್ ಎಕ್ಸ್‌ಟರ್ನಲ್ ಎಂದು ಶುರುವಾಗುವ ಉದ್ದದ ಸಾಲುಗಳನ್ನು ಮುಟ್ಟಬೇಡಿ. ಎಚ್‌ಡಿಎಫ್5 ಮೊದಲಾದ ಲೈಬ್ರರಿಗಳ ಪ್ರತಿಯನ್ನು ವಿಟಿಕೆ ತನ್ನೊಳಗೇ, ಸಂಕೇತಗಳ ಹೆಸರು ಬದಲಿಸಿ ಇಟ್ಟುಕೊಂಡಿದೆ. ಹೀಗಾಗಿ ನಿಮ್ಮ ಪೈಥಾನ್ ಕೋಡ್ ಬೇರೆ ಎಚ್‌ಡಿಎಫ್5 ಬಳಸಿದರೂ ಜಗಳವಾಗುವುದಿಲ್ಲ. ಇದು ವಿಟಿಕೆ ಕಟ್ಟಿದವರ ಒಳ್ಳೆಯ ಮುಂದಾಲೋಚನೆ, ಅದನ್ನು ಕೆಡಿಸಬೇಡಿ.

ಮತ್ತೆ ಸಿ ಒತ್ತಿ. ಹೊಸ ಆಯ್ಕೆಗಳು ಬಂದರೆ ಇನ್ನೊಮ್ಮೆ. ಜಿ ಕೀಲಿ ಕಾಣಿಸಿಕೊಂಡ ಮೇಲೆ, ಒತ್ತುವ ಮುನ್ನ, ಟಿ ಒತ್ತಿದ ಪಟ್ಟಿಯಲ್ಲಿ ಮೂರು ದಾರಿಗಳನ್ನು ಕಣ್ಣಾರೆ ಓದಿ: ಕ್ಯೂಟಿ5 ಡಿಐಆರ್, ಪೈಥಾನ್3 ಇನ್‌ಕ್ಲೂಡ್ ಮತ್ತು ಲೈಬ್ರರಿ, ಎಂಪಿಐ ಕಂಪೈಲರ್. ಎಲ್ಲವೂ ಯುಎಸ್‌ಆರ್ ಕೆಳಗಿನವೇ ಆಗಿರಬೇಕು, ಆಗಿದ್ದರೆ ಜಿ ಒತ್ತಿ. ಒಂದರಲ್ಲಾದರೂ ಮಿನಿಕೋಂಡಾ ಅಥವಾ ಮನೆಫೋಲ್ಡರ್ ಕಂಡರೆ ಆ ಸಾಲನ್ನು ತಿದ್ದಲು ಹೋಗಬೇಡಿ. ತಪ್ಪು ದಾರಿ ಕ್ಯಾಶ್‌ನ ಹತ್ತು ಕಡೆ ಹರಡಿರುತ್ತದೆ. ಬಿಲ್ಡ್ ಫೋಲ್ಡರ್ ಅಳಿಸಿ, ಹೊಸ ಟರ್ಮಿನಲ್‌ನಲ್ಲಿ ಮೊದಲಿಂದ ಮಾಡಿ. ಐದು ನಿಮಿಷದ ಕೆಲಸ, ಉಳಿಸುವುದು ಅರ್ಧ ದಿನ.

ಕಂಪೈಲ್

ಕಂಪೈಲ್ ನಡೆಸುವುದು ನಿಂಜಾ, ಅದನ್ನು ಬಿಲ್ಡ್ ಫೋಲ್ಡರ್‌ನಲ್ಲೇ ಓಡಿಸಿ. ಏನೂ ಹೇಳದಿದ್ದರೆ ಅದು ಕೋರ್‌ಗಳ ಸಂಖ್ಯೆಗೆ ಎರಡು ಸೇರಿಸಿ ಅಷ್ಟು ಫೈಲ್‌ಗಳನ್ನು ಒಟ್ಟಿಗೆ ಕಂಪೈಲ್ ಮಾಡುತ್ತದೆ. ಟೆಂಪ್ಲೇಟ್ ತುಂಬಿದ ವಿಟಿಕೆ ಫೈಲ್‌ಗಳು ಮೆಮೊರಿಯನ್ನು ಚೆನ್ನಾಗಿ ತಿನ್ನುತ್ತವೆ, ಒಂದೊಂದಕ್ಕೆ 2 ಜಿಬಿ ಲೆಕ್ಕ ಹಿಡಿಯಿರಿ. 8 ಜಿಬಿ ಯಂತ್ರಕ್ಕೆ ಡ್ಯಾಶ್ ಜೆ 3, 16 ಜಿಬಿಗೆ ಡ್ಯಾಶ್ ಜೆ 6 ಅಥವಾ 7. ಹೆಚ್ಚಾದರೆ ಸಿಸಿ1ಪ್ಲಸ್ ಎಂಬ ಪ್ರೋಗ್ರಾಂ ‘ಕಿಲ್ಡ್’ ಆಯಿತೆಂಬ ಎರರ್ ಬರುತ್ತದೆ. ಕೋಡ್‌ನಲ್ಲಿ ತಪ್ಪಿಲ್ಲ, ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದಿದೆ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಜಿ ಆದೇಶ ನೋಡಿದರೆ ಖಾತ್ರಿಯಾಗುತ್ತದೆ. ಸಂಖ್ಯೆ ತಗ್ಗಿಸಿ ನಿಂಜಾ ಮತ್ತೆ ಓಡಿಸಿ, ನಿಂತಲ್ಲಿಂದ ಮುಂದುವರಿಯುತ್ತದೆ.

ಬೇರೆ ಎರರ್ ಬಂದರೆ ಕೊನೆಯ ಸಾಲು ನೋಡಿ ಮೋಸಹೋಗಬೇಡಿ. ಹಲವು ಕಂಪೈಲ್‌ಗಳು ಒಟ್ಟಿಗೆ ನಡೆಯುವುದರಿಂದ ನಿಜವಾದ ಎರರ್ ಎಷ್ಟೋ ಸಾಲು ಮೇಲೆ ಹೋಗಿರುತ್ತದೆ. ಡ್ಯಾಶ್ ಜೆ 1 ಕೊಟ್ಟು ಇನ್ನೊಮ್ಮೆ ಓಡಿಸಿದರೆ ಆ ಒಂದೇ ಎರರ್ ಕೊನೆಯಲ್ಲಿ ಸಿಗುತ್ತದೆ.

ಪರೀಕ್ಷೆ

ಇನ್‌ಸ್ಟಾಲ್ ಮಾಡದೆಯೇ ಬಿಲ್ಡ್ ಫೋಲ್ಡರ್‌ನ ಬಿನ್ ಒಳಗಿಂದ ಪ್ಯಾರಾವ್ಯೂ ಓಡಿಸಬಹುದು. ಬಿಲ್ಡ್ ಫೋಲ್ಡರ್ ಅನ್ನು ಮಾತ್ರ ಬೇರೆಡೆಗೆ ಸರಿಸಬೇಡಿ, ಲೈಬ್ರರಿಗಳ ಪೂರ್ತಿ ದಾರಿ ಒಳಗೆ ಬರೆದಿರುತ್ತದೆ.

ಸೋರ್ಸಸ್ ಮೆನುವಿನಿಂದ ವೇವ್ಲೆಟ್ ಆರಿಸಿ ಅಪ್ಲೈ ಒತ್ತಿ. ಅದು 21ರ ಘನ, ಅಂದರೆ 9,261 ಬಿಂದುಗಳ ಪುಟ್ಟ ಜಾಲ. ಮೇಲೆ ಕಾಂಟೂರ್ ಫಿಲ್ಟರ್ ಹಾಕಿ; 157ರ ಆಸುಪಾಸಿನ ಮೌಲ್ಯವನ್ನು ತಾನೇ ತುಂಬಿಕೊಂಡು ಅಲೆಯಲೆಯಾದ ಮೇಲ್ಮೈ ತೋರಿಸಬೇಕು. ಇಷ್ಟು ಬಂದರೆ ವಿಟಿಕೆ, ಕ್ಯೂಟಿ, ಓಪನ್‌ಜಿಎಲ್ ಮೂರೂ ಸರಿ. ಕಿಟಕಿ ತೆರೆಯುವಾಗಲೇ ಬಿದ್ದರೆ ಮೆಸಾ-ಯುಟಿಲ್ಸ್ ಹಾಕಿಕೊಂಡು ಜಿಎಲ್‌ಎಕ್ಸ್‌ಇನ್ಫೋದಲ್ಲಿ ಓಪನ್‌ಜಿಎಲ್ ಆವೃತ್ತಿ ನೋಡಿ, ಕನಿಷ್ಠ 3.2 ಬೇಕು. ಎಕ್ಸ್‌ಸಿಬಿ ಪ್ಲಗಿನ್ ಲೋಡ್ ಆಗಲಿಲ್ಲ ಎಂದರೆ ಓಡುವಾಗ ಬೇರೆ ಕ್ಯೂಟಿ ಅಡ್ಡ ಬಂದಿದೆ: ಮತ್ತೆ ಎಲ್‌ಡಿ ಲೈಬ್ರರಿ ಪಾಥ್.

ಎಂಪಿಐ ಪರೀಕ್ಷೆ ಬೇರೆ. ಎಂಪಿಐರನ್ ಮೂಲಕ ನಾಲ್ಕು ಪ್ರೋಸೆಸ್‌ಗಳಲ್ಲಿ ಪ್ಯಾರಾವ್ಯೂನ ಸರ್ವರ್ ಭಾಗವಾದ ಪಿವಿಸರ್ವರ್ ಶುರುಮಾಡಿ. ‘ವೇಟಿಂಗ್ ಫಾರ್ ಕ್ಲೈಂಟ್’ ಎಂಬ ಸಾಲು ಒಂದೇ ಸಲ ಬಂದರೆ ಸರಿ. ನಾಲ್ಕು ಸಲ ಬಂದರೆ, ಜೊತೆಗೆ 11111 ಪೋರ್ಟ್ ಬಳಕೆಯಲ್ಲಿದೆ ಎಂಬ ದೂರೂ ಬಂದರೆ, ನಾಲ್ವರೂ ತಾವೇ ಯಜಮಾನರೆಂದು ಬೇರೆಬೇರೆ ಕೂತಿದ್ದಾರೆ ಎಂದರ್ಥ. ಒಂದೋ ಎಂಪಿಐ ಇಲ್ಲದೆ ಬಿಲ್ಡ್ ಆಗಿದೆ, ಇಲ್ಲವೇ ಬಿಲ್ಡ್‌ಗೆ ಬಳಸಿದ ಎಂಪಿಐ ಒಂದು, ಓಡಿಸುತ್ತಿರುವ ಎಂಪಿಐರನ್ ಇನ್ನೊಂದರದು. ಪಿವಿಸರ್ವರ್ ಮೇಲೆ ಎಲ್‌ಡಿಡಿ ಓಡಿಸಿ ಯಾವ ಲಿಬ್‌ಎಂಪಿಐ ಹಿಡಿದಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಕ್ಲಸ್ಟರ್‌ಗೆ ಬೇರೆ ಬಿಲ್ಡ್

ಮಾನಿಟರ್ ಇಲ್ಲದ ನೋಡ್‌ಗಳಿಗೆ (ಕ್ಲಸ್ಟರ್‌ನ ಒಂದೊಂದು ಯಂತ್ರ) ಮೇಲಿನ ಬಿಲ್ಡ್ ಆಗದು, ಇನ್ನೊಂದು ಫೋಲ್ಡರ್‌ನಲ್ಲಿ ಬೇರೆ ಬಿಲ್ಡ್ ಮಾಡಿ. ಪ್ಯಾರಾವ್ಯೂ ಯೂಸ್ ಕ್ಯೂಟಿ ಆಫ್, ವಿಟಿಕೆ ಯೂಸ್ ಎಕ್ಸ್ ಆಫ್ (ಎಕ್ಸ್ ಎಂದರೆ ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿ ತೋರಿಸುವ ವ್ಯವಸ್ಥೆ). ಎನ್‌ವಿಡಿಯಾ ಜಿಪಿಯು ಇದ್ದರೆ ವಿಟಿಕೆ ಓಪನ್‌ಜಿಎಲ್ ಹ್ಯಾಸ್ ಇಜಿಎಲ್ ಆನ್, ಇಲ್ಲದಿದ್ದರೆ ಅದರ ಬದಲು ಜಿಪಿಯು ಇಲ್ಲದೆಯೇ ಚಿತ್ರ ಬಿಡಿಸುವ ಓಎಸ್‌ಮೆಸಾ ಆನ್. 5.11ರಲ್ಲಿ ಎಕ್ಸ್ ಮತ್ತು ಓಎಸ್‌ಮೆಸಾ ಒಂದೇ ಬಿಲ್ಡ್‌ನಲ್ಲಿ ಕೂಡುವುದಿಲ್ಲ.

ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಂಥ ಸಾಮೂಹಿಕ ಯಂತ್ರಗಳಲ್ಲಿ ಬಳಕೆದಾರರಿಗೆ ಸುಡೋ ಇರುವುದಿಲ್ಲ. ಕಂಪೈಲರ್, ಎಂಪಿಐ, ಪೈಥಾನ್‌ಗಳನ್ನು ಮಾಡ್ಯೂಲ್ ಲೋಡ್ ಮೂಲಕ ತಂದುಕೊಂಡು, ಅದೇ ಸಾಲುಗಳನ್ನು ಜಾಬ್ ಸ್ಕ್ರಿಪ್ಟ್‌ನಲ್ಲೂ ಬರೆಯಿರಿ. ಬಿಲ್ಡ್ ಮಾಡುವಾಗ ಇದ್ದ ಮಾಡ್ಯೂಲ್ ಜಾಬ್‌ನಲ್ಲಿ ಇಲ್ಲದಿದ್ದರೆ ಮೇಲೆ ಹೇಳಿದ ನಾಲ್ಕು ಯಜಮಾನರ ಕಥೆಯೇ. ಬೇಕಾದ ಲೈಬ್ರರಿಗಳು ಅಲ್ಲಿ ಇಲ್ಲವೇ ಇಲ್ಲ ಎಂದಾದರೆ ಪ್ಯಾರಾವ್ಯೂ ಸೂಪರ್‌ಬಿಲ್ಡ್ ಎಂಬ ಬೇರೆ ರೆಪಾಸಿಟರಿ ಇದೆ. ಅವಲಂಬನೆಗಳನ್ನೂ ಅದೇ ಇಳಿಸಿ ಕಟ್ಟುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಅಂಥ ಕಡೆ ಅದೇ ಮೇಲು.

ಸರ್ವರ್ ಕಂಪ್ಯೂಟ್ ನೋಡ್‌ನಲ್ಲಿ ಶುರುವಾದ ಮೇಲೆ, ಎಸ್‌ಎಸ್‌ಎಚ್‌ನ ಡ್ಯಾಶ್ ಎಲ್ ಆಯ್ಕೆಯಲ್ಲಿ ನಿಮ್ಮ ಯಂತ್ರದ 11111 ಪೋರ್ಟ್ ಅನ್ನು ಲಾಗಿನ್ ನೋಡ್ ಮೂಲಕ ಆ ನೋಡ್‌ನ 11111ಕ್ಕೆ ಜೋಡಿಸಿ, ಮನೆಯ ಪ್ಯಾರಾವ್ಯೂನಿಂದ ಲೋಕಲ್‌ಹೋಸ್ಟ್‌ಗೆ ಕನೆಕ್ಟ್ ಮಾಡಿ. ಎರಡೂ ತುದಿಯ ಆವೃತ್ತಿ ಒಂದೇ ಇರಬೇಕು; ಬೇರೆಯಾದರೆ ಕೈಕುಲುಕುವ ಹಂತದಲ್ಲೇ ಸಂಪರ್ಕ ಕಡಿಯುತ್ತದೆ. ಕನೆಕ್ಟ್ ಆದ ಮೇಲೆ ಒಂದು ಸ್ಫಿಯರ್ ಹಾಕಿ, ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಪ್ರೋಸೆಸ್ ಐಡಿ ತೋರಿಸುವ ಫಿಲ್ಟರ್ ಹುಡುಕಿ ಹಚ್ಚಿ. ಗೋಳದ ಮೇಲೆ ನಾಲ್ಕು ಪಟ್ಟೆ ಬಣ್ಣ ಕಂಡರೆ ನಾಲ್ಕೂ ಪ್ರೋಸೆಸ್‌ಗಳು ಕೆಲಸ ಹಂಚಿಕೊಂಡಿವೆ, ನಿಮ್ಮ ದೊಡ್ಡ ಫೈಲ್ ತೆರೆಯಬಹುದು.